ಮಾತು ಎತ್ತಿಕೊಡುವ ಕನಕಪ್ಪನವರು

ಕನಕಪ್ಪನವರ ಎದುರಿಗೆ ಮಾತಾಡುವಾಗ ತಡವರಿಸಬಾರದು. ತಡವರಿಸಿದಿರೋ, ನಿಮ್ಮ ನಾಲಗೆಯ ತುದಿಯಲ್ಲಿ ಕೂತು ಸತಾಯಿಸುತ್ತಿರುವ ಶಬ್ದವನ್ನು ಅವರು ನಿಮಗಿಂತ ಮೊದಲೇ ಹೆಕ್ಕಿ, ನಿಮಗೊಬ್ಬರಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಕಿವಿಗೆ ಮುಟ್ಟಿಸಿಬಿಡುತ್ತಾರೆ. ಬ್ಯಾಂಕಿನ ಸಾಹೇಬರು "ಅದರ ಜೊತೆಗೆ ನಿಮ್ಮದು ಅದು, ಅದೇ…" ಎಂದು ಗಾಳಿಯಲ್ಲಿ ಕೈ ಆಡಿಸಿದರೆ ಸಾಲಿನ ಕೊನೆಯಿಂದ "ಆಧಾರ ಕಾರ್ಡು" ಎಂಬ ಪಿಸುಮಾತು ಬರುತ್ತದೆ. ಹೆಣ್ಣು ತೋರಿಸುವ ಮನೆಯಲ್ಲಿ ಹುಡುಗಿಯ ತಂದೆ "ನಮ್ಮ ಮಗಳು ಭಾಳ…" ಎಂದು ನಾಚಿ ನಿಂತರೆ ಕಂಬದ ಮರೆಯಿಂದ "ಸಂಭಾವಿತಳು" ಎಂದು ಬರುತ್ತದೆ. ಒಮ್ಮೆ ಬೀರಪ್ಪನ ಗುಡಿಯಲ್ಲಿ ಮಂಗಳಾರತಿಯ ಹಾಡಿನ ನಡುವೆ ಪೂಜಾರಿ ತೊದಲಿದಾಗಲೂ ಹೀಗೇ ಆಯಿತು. "ಏ ಕನಕಪ್ಪಾ, ದೇವರ ಮುಂದಾದ್ರೂ ಸುಮ್ನಿರೋ ಮಾರಾಯಾ" ಎಂದು ಪೂಜಾರಿ ಸಿಡಿಮಿಡಿಗೊಂಡರೆ, ಇವರು ಕೈಮುಗಿದು, "ದೇವರಿಗೆ ತಡಾ ಆಗಬಾರದಲ್ಲರಿ" ಎಂದರು.

ದುಡಿಮೆಯ ಚಾಳಿ ಅದು. ಅವರು ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದವರು. ರಂಗದ ಪಕ್ಕದ ಪರದೆಯ ಮರೆಯಲ್ಲಿ ನಿಂತು, ಮಾತು ಮರೆತ ನಟರಿಗೆ ಮಾತು ಎತ್ತಿಕೊಡುವುದೇ ಅವರ ಉದ್ಯೋಗ. ಪ್ರೇಕ್ಷಕರ ಕಣ್ಣಿಗೆ ಬೀಳಬಾರದೆಂದು ಆಗ ತೊಡುತ್ತಿದ್ದ ಕರಿಯ ಕೋಟನ್ನು ಬಾಗಲಕೋಟೆಯ ವೈಶಾಖದ ಬಿಸಿಲಿನಲ್ಲೂ ಕಳಚಲೊಲ್ಲರು. ಹಲಗೆ ಕಿರುಗುಟ್ಟಬಾರದೆಂದು ತುದಿಗಾಲಿನಲ್ಲಿ ಓಡಾಡಿದ ಅಭ್ಯಾಸದಿಂದ, ಡಾಂಬರು ರಸ್ತೆಯಲ್ಲೂ ಗೋಡೆಯ ಪಕ್ಕ ಹಿಡಿದು, ಕಳ್ಳಬೆಕ್ಕಿನಂತೆ ಅಡ್ಡಡ್ಡ ನಡೆಯುತ್ತಾರೆ. ಇಂಥ ಮನುಷ್ಯನಿಗೆ ಹೋದ ವರ್ಷ, "ನಿನ್ನ ಹೆಂಡತಿ ಮತ್ತೆ ಮಾತಾಡಬೇಕಾದರೆ ನೀನು ಬಾಯಿ ಮುಚ್ಚಿಕೊಂಡಿರಬೇಕು" ಎಂಬ ಕಟ್ಟಪ್ಪಣೆ ಬಂತಲ್ಲ, ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ಶಿರೂರಿನ ಕುರಿಗಾರರ ಮನೆಯ ಈ ಹುಡುಗ ಬಾಗಲಕೋಟೆಗೆ ಬಂದದ್ದು ಉಣ್ಣೆ ಮಾರಲು, ಉಳಿದದ್ದು ನಾಟಕಕ್ಕೆ. ಹಳೆಯ ಊರಿನ ತಗ್ಗಿನ ಕಡೆಗೆ ಆಗ ಟಾಕೀಜ್ ಓಣಿ ಎಂಬುದೊಂದು ಮಾಯಾಲೋಕವಿತ್ತು. ಎದುರುಬದುರಾಗಿ ಎರಡು ಟಾಕೀಜು, ಅವುಗಳ ಹಿಂದೆ ಕಂಪನಿಗಳು ಬಂದು ಮೊಕ್ಕಾಂ ಹೂಡುವ ತಗಡಿನ ಥಿಯೇಟರು, ಸಾಲಾಗಿ ಮಿರ್ಚಿ ಭಜಿ, ಗಿರ್ಮಿಟ್ಟು, ಸೋಡಾದ ಅಂಗಡಿಗಳು, ಬಣ್ಣದ ಪರದೆಯ ಮುಂದೆ ಕೂರಿಸಿ ಫೋಟೋ ಹೊಡೆಯುವ ಸ್ಟುಡಿಯೋ. ಬಾದಾಮಿ, ಹುನಗುಂದದ ಕಡೆಯಿಂದ ಸಂಜೆಯ ಬಸ್ಸುಗಳು ತುಂಬಿ ತುಳುಕಿ ಬಂದು ಮಂದಿಯನ್ನು ಆ ಓಣಿಯ ಬಾಯಿಗೆ ಸುರಿದು ಹೋಗುತ್ತಿದ್ದವು. ಇಳಕಲ್ಲಿನ ಸೀರೆ ಅಂಗಡಿಯವರು ನಾಯಕಿಗೆ ಹೊಸ ಸೀರೆ ಉಡಿಸಿ ಕಳಿಸಿದರೆ, ಮರುವಾರ ಹೆಣ್ಣುಮಕ್ಕಳು ಅಂಗಡಿಗೆ ಬಂದು ಸೀರೆಯ ಹೆಸರು ಬಿಟ್ಟು ಪಾತ್ರದ ಹೆಸರು ಹೇಳಿ ಕೇಳುತ್ತಿದ್ದರು. ಊರಿಗೆ ಊರೇ ಆ ಓಣಿಯಲ್ಲಿ ನಕ್ಕು, ಅತ್ತು, ಹಗುರಾಗಿ ಮನೆಗೆ ಹೋಗುತ್ತಿತ್ತು.

ಆ ಥಿಯೇಟರಿನ ಕತ್ತಲ ಮೂಲೆಯಲ್ಲಿ ಕನಕಪ್ಪನವರು ತಮ್ಮ ವಿದ್ಯೆಯನ್ನು ಕಲಿತರು. ಮಾತು ಮರೆತವನಿಗೂ, ಬೇಕೆಂದೇ ಮಾತು ತಡೆದು ನಿಂತವನಿಗೂ ವ್ಯತ್ಯಾಸವನ್ನು ಅರಿಯುವುದೇ ಅದರ ಮರ್ಮವಂತೆ. ಮರೆತವನಿಗೂ ಇಡೀ ವಾಕ್ಯ ಕೊಡಕೂಡದು, ಮೊದಲ ಶಬ್ದ ಸಾಕು. "ಬಾಗಲಾ ತಗದು ಕೊಡಬೇಕ್ರಿ ಮಾಸ್ತರ, ಒಳಗ ಹೊತಗೊಂಡು ಹೋಗಬಾರದು" ಎಂದು ನನಗೆ ಎಷ್ಟೋ ಸಲ ಹೇಳಿದ್ದಾರೆ. ಅವರಿಂದ ಮಾತು ತೆಗೆದುಕೊಳ್ಳದ ನಟರು ಆ ಕಾಲದಲ್ಲಿ ಇರಲಿಲ್ಲ, ಒಬ್ಬಳ ಹೊರತು. ಗಯ್ಯಾಳಿ ಗೌಡಶಾನಿಯ, ಅಂದರೆ ಊರಗೌಡನ ಹೆಂಡತಿಯ, ಪಾತ್ರಕ್ಕೆ ಹೆಸರಾದ ಪದ್ಮವ್ವ ಎಂದೂ ಮಾತು ಮರೆಯಲಿಲ್ಲ. ಮರೆತರೂ ಸ್ಥಳದಲ್ಲೇ ಬೇರೆ ಮಾತು ಹುಟ್ಟಿಸಿ ಚಪ್ಪಾಳೆ ಹೊಡೆಸಿಕೊಂಡು ಬರುತ್ತಿದ್ದಳು. ಇವರು ಪುಸ್ತಕ ಹಿಡಿದು ಆಸೆಯಿಂದ ಕಾಯುವುದು, ಆಕೆ ಒಳಗೆ ಬರುತ್ತಾ "ನನಗ ನಿಮ್ಮ ಉಸಾಬರಿ ಬ್ಯಾಡ್ರಿ" ಎಂದು ಮೂಗು ಮುರಿಯುವುದು. ತನ್ನ ಅಗತ್ಯವೇ ಇಲ್ಲದ ಹೆಣ್ಣಿಗೆ ಮನಸೋತು ಮದುವೆಯಾದ ಧೀರರು ನಮ್ಮ ಕನಕಪ್ಪನವರು!

ಆಮೇಲೆ ಅಣೆಕಟ್ಟಿನ ಹಿನ್ನೀರು ಬಂತು. ಓಣಿ ಮುಳುಗಡೆಯ ಗೆರೆಯೊಳಗೆ ಬಿತ್ತು. ಮಂದಿ ನವನಗರದ ಸೆಕ್ಟರುಗಳಿಗೆ ಹಂಚಿಹೋದರು, ಥಿಯೇಟರಿನ ತಗಡು ಗುಜರಿಗೆ ಹೋಯಿತು, ದಿಬ್ಬದ ಮೇಲೆ ಉಳಿದ ಒಂದು ಟಾಕೀಜು ಸಿಮೆಂಟಿನ ಗೋದಾಮಾಯಿತು. ಕಂಪನಿ ಒಡೆದು, ನಟರು ದಿಕ್ಕಾಪಾಲಾದರು. ಈಗ ಮತ್ತೆ ಗಾಳಿ ತಿರುಗಿದೆ ಎನ್ನಿ. ನವನಗರದಲ್ಲಿ ತಂಪು ಗಾಳಿಯ ಸಿನಿಮಾ ಮಂದಿರಗಳೆದ್ದಿವೆ, ಮೊಬೈಲಿನಲ್ಲಿ ತುಣುಕು ನೋಡಿದ ಹುಡುಗರು ಹಾಸ್ಯ ನಾಟಕಗಳಿಗೆ ಮುಗಿಬೀಳುತ್ತಿದ್ದಾರೆ. ಆದರೆ ಈಗಿನ ನಟರು ಬಾಯಿಗೆ ಬಂದದ್ದು ಆಡುತ್ತಾರೆ, ಅವರಿಗೆ ಪ್ರಾಂಪ್ಟರ್ ಬೇಡ. ಇದನ್ನು ಹೇಳಿ ನಾನು ನಿಟ್ಟುಸಿರುಬಿಟ್ಟರೆ ಕನಕಪ್ಪನವರಿಗೆ ಸೇರುವುದಿಲ್ಲ. ಹಳೆಯ ಊರಿಗೆ ಹೋದಾಗಲೆಲ್ಲ ನೀರಿನ ದಂಡೆಯಲ್ಲಿ ಚಪ್ಪಲಿ ಕಳಚಿಟ್ಟು ಕೈಮುಗಿಯುತ್ತಾರೆ. "ಅಳೂದ್ಯಾಕ್ರಿ? ಆ ಓಣಿ ನಮಗ ಉಣ್ಣಾಕ ಹಾಕ್ತು, ಉಡಾಕ ಕೊಡ್ತು, ಪದ್ಮಾನ್ನೂ ಕೊಡ್ತು. ಇನ್ನೇನ್ ಕೊಡಬೇಕಾಗಿತ್ತು?" ಎನ್ನುತ್ತಾರೆ.

ಅವರಿಗೆ ನಾನೂ ಋಣಿ. ನಮ್ಮ ತಂದೆ ತೀರಿಕೊಂಡಾಗ ಸಾಲೆಯ ಪಡಸಾಲೆಯಲ್ಲಿ ಶ್ರದ್ಧಾಂಜಲಿಯ ಸಭೆ ಕೂಡಿತ್ತು. ತರಗತಿಯಲ್ಲಿ ಗಂಟೆಗಟ್ಟಲೆ ಗುಡುಗುವ ನಾನು "ನಮ್ಮಪ್ಪ…" ಎಂದು ಎದ್ದು ನಿಂತವನು ಅಲ್ಲೇ ನಿಂತೆ. ಮಾತಿನ ಅಲಂಕಾರಗಳೆಲ್ಲ ಕೈಕೊಟ್ಟು, ಎದುರಿಗಿದ್ದ ಮುಖಗಳು ಮಂಜಾಗಿ ಹೋದವು. ಆಗ ಬಾಗಿಲ ಮರೆಯಿಂದ ಬಂತು ಆ ಪಿಸುಮಾತು: "ಭಾಳ ಚಲೋ ಮನಷ್ಯಾ ಇದ್ದಾ." ನಾನು ಅದನ್ನೇ ಅಂದೆ. ಅಂದ ಮೇಲೆ ಉಳಿದದ್ದು ತಾನಾಗಿ ಬಂತು. ಆ ಒಂದು ಸಾಲನ್ನು ನಾನು ಸಾಯುವತನಕ ಮರೆಯಲಾರೆ.

ಹೋದ ವರ್ಷ ಯುಗಾದಿಯ ಮುಂಚೆ ಪದ್ಮವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಸೋತಿತು, ಮಾತು ನಿಂತಿತು. ಎಲ್ಲವೂ ತಿಳಿಯುತ್ತಿತ್ತು, ಆದರೆ ಶಬ್ದ ಬಾಯಿಗೆ ಬರುತ್ತಿರಲಿಲ್ಲ. ಇಡೀ ಓಣಿಯನ್ನು ನಗಿಸಿದ ಆ ನಾಲಗೆ "ಅದು, ಅದು" ಎನ್ನುವುದರಲ್ಲೇ ಮುಗಿಯುತ್ತಿತ್ತು. ಕನಕಪ್ಪನವರು ಟೊಂಕಕಟ್ಟಿ ನಿಂತರು ನೋಡಿ! ಆಕೆಯ ಕಣ್ಣು ತಂಬಿಗೆಯತ್ತ ಹೊರಳಿದರೆ "ನೀರು", ತುಟಿ ಅಲುಗಿದರೆ "ಚಹಾ", ಹುಬ್ಬು ಗಂಟಿಕ್ಕಿದರೆ "ಫ್ಯಾನು ಹಚ್ಚಲಿ?" ನಾನು ನೋಡಲು ಹೋದಾಗ ಪದ್ಮವ್ವನ ಪರವಾಗಿ ನನ್ನ ಕ್ಷೇಮವನ್ನೂ ಅವರೇ ವಿಚಾರಿಸಿ, ಅವರೇ ಉತ್ತರವನ್ನೂ ಆಕೆಗೆ ತಿಳಿಹೇಳಿದರು. ಮನೆಗೆ ಬಂದು ನಾನು ನನ್ನ ಹೆಂಡತಿಗೆ ಅಂದೆ: ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು.

ಮಾತು ಕಲಿಸುವ ವಿದ್ಯಾ ಎಂಬುವಳು ಮಾತ್ರ ಹಾಗೆ ತಿಳಿಯಲಿಲ್ಲ. ನವನಗರದ ದವಾಖಾನೆಯೊಂದರಲ್ಲಿ, ಹೀಗೆ ಮಾತು ಕಳೆದುಕೊಂಡವರಿಗೆ ಮತ್ತೆ ಅಭ್ಯಾಸ ಮಾಡಿಸುವ ಹುನಗುಂದದ ಹುಡುಗಿ ಆಕೆ. ಒಂದು ಹೊತ್ತು ಇವರಿಬ್ಬರನ್ನೂ ನೋಡಿದವಳೇ ಕನಕಪ್ಪನವರಿಗೆ ಕೈಮುಗಿದಳು.

"ಅಜ್ಜಾರ, ತಪ್ಪು ತಿಳಿಬ್ಯಾಡ್ರಿ. ನೀವು ಕೊಡಾಕತ್ತೀರಿ, ಅದಕ್ಕ ಅವರು ಹುಡುಕವಲ್ಲರು. ಹುಡುಕಿದ್ರ ಮಾತು ಬರ್ತೈತಿ. ನೀವು ಹಿಂಗ ಎತ್ತಿಕೊಟ್ರ ಇದ್ದ ಮಾತೂ ಹೋಗ್ತೈತಿ ನೋಡ್ರಿ."

ಬಾಗಿಲು ತೆಗೆದುಕೊಡಬೇಕೆಂದು ಜಗತ್ತಿಗೆಲ್ಲ ಹೇಳಿದವರು ತಮ್ಮ ಹೆಂಡತಿಯನ್ನು ಮಾತ್ರ ಹೊತ್ತುಕೊಂಡೇ ತಿರುಗಿದ್ದರು. ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ. ಅದಕ್ಕೆ ತಾಳ್ಮೆಯೂ ಇಲ್ಲ. ಅಂದಿನಿಂದ ಕನಕಪ್ಪನವರ ವನವಾಸ ಸುರುವಾಯಿತು. ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡು ಕೂಡುವರು, ತಡೆಯಲಾರದಾದಾಗ ಹಿತ್ತಲಿಗೆ ಓಡಿ, ಹೆಂಡತಿ ಹುಡುಕುತ್ತಿದ್ದ ಶಬ್ದವನ್ನು ಬೇವಿನ ಗಿಡಕ್ಕೆ "ಚಾದರ! ಚಾದರ!" ಎಂದು ಹೇಳಿ ಬರುವರು. ಇತ್ತ ಪದ್ಮವ್ವನಿಗೆ ಈ ಹೊಸ ಮೌನ ಅರ್ಥವಾಗದೆ ಕೋಪ ಬಂದು, ಎಡಗೈಯಿಂದ ಚಹಾದ ಕಪ್ಪನ್ನು ಬೀಸಿ ಒಗೆದಳಂತೆ. ಆ ಸಂಜೆ ಅವರು ನಮ್ಮ ಮನೆಯ ಕಟ್ಟೆಗೆ ಬಂದು ಕೂತರು.

"ಮಾಸ್ತರ, ಅಕಿ ನನ್ನ ಕಡೆ ನೋಡ್ತಾಳ್ರಿ," ಎಂದರು. "ಮಾತು ಮರತ ನಟರು ಪರದೆ ಕಡೆ ನೋಡ್ತಾರಲ್ಲ, ಹಂಗ. ಜಲಮದಾಗ ಒಮ್ಮಿನೂ ಹಂಗ ನೋಡಿದಾಕಿ ಅಲ್ಲ. ಈಗ ನೋಡ್ತಾಳ, ನಾ ಮಾತು ಬಾಯಾಗ ಇಟಗೊಂಡು ಸುಮ್ನ ನಿಂತೇನಿ. ಇದಕ್ಕಿಂತ ಪಾಪ ಐತೇನ್ರಿ?"

ನಾನು ಚಹಾ ತರಿಸಿದೆ. ಕುಡಿದು, ಕೋಟು ಕೊಡವಿ, ಗೋಡೆ ಹಿಡಿದು ಹೊರಟುಹೋದರು. ಮರುದಿನವೂ ಸುಮ್ಮನಿದ್ದರು. ಅದರ ಮರುದಿನವೂ.

ಶ್ರಾವಣದ ಒಂದು ಮಧ್ಯಾಹ್ನ ಅವರಿಬ್ಬರನ್ನು ದವಾಖಾನೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಅಷ್ಟರಲ್ಲಿ ಪದ್ಮವ್ವನಿಗೆ ಒಂದೊಂದೇ ಶಬ್ದ ಬರುತ್ತಿತ್ತು; ಎರಡು ಶಬ್ದ ಕೂಡುತ್ತಿರಲಿಲ್ಲ. ವಿದ್ಯಾ ಚಿತ್ರ ತೋರಿಸಿದಳು, ತಿಂಗಳುಗಳ ಹೆಸರು ಕೇಳಿದಳು, ಕೊನೆಗೆ "ನಿಮ್ಮ ಮನಿಯವರ ಹೆಸರೇನ್ರಿ?" ಎಂದಳು. ಪದ್ಮವ್ವ ತಲೆ ತಗ್ಗಿಸಿ ಎಡಗೈಯಿಂದ ಸೆರಗು ಎಳೆದುಕೊಂಡಳು. ಪಡಿತರದ ಅಂಗಡಿಯಲ್ಲೂ ಗಂಡನ ಹೆಸರನ್ನು ಪಕ್ಕದವರ ಬಾಯಿಂದ ಹೇಳಿಸಿದ ಹೆಣ್ಣುಮಗಳು ಅವಳು. ವಿದ್ಯಾ ನಕ್ಕುಬಿಟ್ಟಳು. "ಅಯ್ಯ, ನಮ್ಮವ್ವನೂ ಹಿಂಗ ಮಾಡ್ತಾಳ. ಹಂಗಾರ ಒಡಪು ಹಾಕಿ ಹೇಳ್ರಿ ಅಮ್ಮಾ." ನಮ್ಮ ಕಡೆಯ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಪ್ರಾಸದ ಎರಡು ಸಾಲು ಕಟ್ಟಿ, ಅದರೊಳಗೆ ಹೆಸರು ಮಡಗಿ ಹೇಳುತ್ತಾರೆ. ಅದೇ ಒಡಪು.

ಪದ್ಮವ್ವ ಕಣ್ಣು ಮುಚ್ಚಿದಳು. ಮದುವೆಯ ದಿನ ಹೊಸ್ತಿಲಲ್ಲಿ ಅಡ್ಡಗಟ್ಟಿದ ನಾದಿನಿಯರಿಗೆ ಹೇಳಿದ್ದ ಒಡಪು, ಎಲ್ಲಿ ಅಡಗಿತ್ತೋ, ತೊದಲಿಲ್ಲದೆ ಹರಿದು ಬಂತು: "ಎರಿ ಹೊಲದಾಗ ಕಡ್ಲಿ ಹಸರ, ಹತ್ತು ಮಂದ್ಯಾಗ ಹೇಳ್ತೇನಿ…"

ಅಲ್ಲಿ ನಿಂತಿತು. ಆಕೆ ಕಣ್ಣು ತೆರೆದು ಗಂಡನತ್ತ ನೋಡಿದಳು. ಬದುಕಿನುದ್ದಕ್ಕೂ ಕಂಡವರಿಗೆಲ್ಲ ಶಬ್ದ ಕೊಟ್ಟ ಮನುಷ್ಯ ಈಗ ಕೊಡಬೇಕಾದದ್ದು ಒಂದೇ ಶಬ್ದ, ತನ್ನ ಹೆಸರು, ಅದನ್ನು ಕೊಡಕೂಡದು. ಅವರು ಎರಡೂ ಅಂಗೈಯಿಂದ ಬಾಯಿ ಒತ್ತಿ ಹಿಡಿದರು. ಬೆರಳ ಸಂದಿಯಿಂದ ಕಣ್ಣೀರು ಇಳಿದು ಕೋಟಿನ ತೋಳಿಗೆ ಹರಿಯಿತು. ನನಗೆ ತಾಳಲಾಗಲಿಲ್ಲ, ನಾನೇ ಬಾಯಿ ತೆರೆದೆ. ಕನಕಪ್ಪನವರು ನನ್ನನ್ನು ಸುಟ್ಟುಬಿಡುವಂತೆ ನೋಡಿ ತಲೆಯಾಡಿಸಿದರು. ಪದ್ಮವ್ವನ ಹಣೆಯಲ್ಲಿ ಬೆವರು ಮೂಡಿತ್ತು.

"ಕ…" ಎಂದಳು. "ಕನ…" ಎಂದಳು. ಉಸಿರು ಎಳೆದುಕೊಂಡು, "ಕನಕಪ್ಪನವರ…"

"ಹೆಸರ!" ಎಂದು ಕೂಗಿಬಿಟ್ಟರು ಕನಕಪ್ಪನವರು. ಅಯ್ಯೋ ಪುಣ್ಯಾತ್ಮಾ! ಅಷ್ಟೊಂದು ತಡೆದವರಿಗೆ ಇನ್ನೊಂದು ಗಳಿಗೆ ತಡೆಯಲಾಗಲಿಲ್ಲ.

ಪದ್ಮವ್ವ ಗರಕ್ಕನೆ ತಿರುಗಿದಳು. ಓಣಿಯನ್ನೆಲ್ಲ ನಡುಗಿಸುತ್ತಿದ್ದ ಆ ಗೌಡಶಾನಿಯ ಹುಬ್ಬು ಏರಿತು. "ನಾ ಹೇಳಾಕತ್ತಿದ್ನಲ್ಲ! ನಿಮಗ್ಯಾಕ ಅವಸರ?"

ಒಡಪು ಬಾಯಿಪಾಠದ್ದು, ಈ ಬೈಗುಳ ಆಕೆಯದೇ. ಲಕ್ವಾ ಹೊಡೆದ ಮೇಲೆ ಪದ್ಮವ್ವ ತಾನಾಗಿ ಜೋಡಿಸಿದ ಮೊದಲ ಪೂರ್ತಿ ಮಾತು. ವಿದ್ಯಾ ಚಪ್ಪಾಳೆ ತಟ್ಟುತ್ತಾ ಕಣ್ಣೊರೆಸಿಕೊಂಡಳು. ಕನಕಪ್ಪನವರು ಹೆಂಡತಿಯ ಮುಂದೆ ನೆಲದ ಮೇಲೆ ಕೂತು, "ಬೈಯಿ ಪದ್ಮಾ, ಬೈಯಿ, ಇನ್ನಷ್ಟು ಬೈಯಿ" ಎಂದು ಬಿಕ್ಕಿದರು. ನಾನೂ ಅತ್ತೆ, ನಾಚಿಕೆಯೇನು ಬಂತು?

ತಮ್ಮ ಮಾತಿನಿಂದ ದೊಡ್ಡವರಾದವರು ಲೋಕದಲ್ಲಿ ಬೇಕಾದಷ್ಟು ಮಂದಿ. ಅವರ ಹೆಸರಿಗೆ ಸಭೆ, ಹಾರ, ಬೀದಿಗೊಂದು ಫಲಕ. ಪರರ ಮಾತು ನಿಲ್ಲದಿರಲೆಂದು ಪಕ್ಕದ ಕತ್ತಲಲ್ಲಿ ಉಸಿರು ಹಿಡಿದು ನಿಂತವರು ಬೇರೆಯೇ ಕುಲದವರು. ನಾವು ಆಡಿದ ಒಳ್ಳೆಯ ಮಾತುಗಳಲ್ಲಿ ಯಾವುದು ನಮ್ಮದು, ಯಾವುದು ಅವರು ಎತ್ತಿಕೊಟ್ಟದ್ದು ಎಂದು ಬೇರ್ಪಡಿಸಲು ಹೊರಟರೆ ನಮಗೆ ಉಳಿಯುವುದು ಕಡಿಮೆಯೇ. ಅವರ ಓಣಿಗಳು ಮುಳುಗುತ್ತವೆ, ಥಿಯೇಟರುಗಳು ಗುಜರಿಗೆ ಹೋಗುತ್ತವೆ. ನಾವು ಕೃತಜ್ಞತೆಯ ಭಾಷಣಕ್ಕೆ ಶಬ್ದ ಹುಡುಕುತ್ತಾ ನಿಲ್ಲುತ್ತೇವೆ. ಅವರಿಗೆ ಆ ಭಾಷಣ ಬೇಕಾಗಿಲ್ಲ. ಅವರು ಬಾಯಿಗೆ ಕೈಯಿಟ್ಟು ಕಾಯುತ್ತಿರುವಾಗ ನಾವು ನಮ್ಮ ಮಾತನ್ನು ನಾವೇ ಆಡಿ ಮುಗಿಸಿದರೆ, ಅದು ಅವರನ್ನು ಬೈಯುವ ಮಾತೇ ಆದರೂ, ಅವರ ಜನ್ಮ ಸಾರ್ಥಕ.