ಕೆಂಪು ಬಟನ್ನಿನ ಬಿಳಿ ಚುಕ್ಕಿ

ಕಂಡಕ್ಟರನ ಅಂಗಿಯ ಎರಡನೇ ಗುಂಡಿ ಹೊಳೆಯುತ್ತಿದೆ, ಮೇಲೆ ಎಡಕ್ಕೆ ಒಂದು ಬಿಳಿ ಚುಕ್ಕಿ, ಅಕ್ಕಿಕಾಳಿನಷ್ಟು, ಬಸ್ಸು ಹೊರಳಿದರೆ ಚುಕ್ಕಿಯೂ ಹೊರಳುತ್ತದೆ, ಕಿಟಕಿ ಯಾವ ಕಡೆಗೋ ಅದರ ಮುಖವೂ ಆ ಕಡೆಗೇ — ಖರೇ ಗುಂಡಿ ಅಂದರೆ ಹಾಗೆ, ಬರೆದ ಗುಂಡಿಯ ಚುಕ್ಕಿ ಮಾತ್ರ ಇದ್ದಲ್ಲೇ ಇರುತ್ತದೆ, ಯಾರಾದರೂ ಒಂದು ಹೆಜ್ಜೆ ಅತ್ತ ಸರಿದು ನೋಡಿದರೆ ಸಾಕು, ಬಣ್ಣ ಬಯಲಾಗುತ್ತದೆ, ಆದರೆ ಯಾರು ಸರಿದು ನೋಡುತ್ತಾರೆ, ಬಲಗೈ ಗಿರಣಿಯ ಪಟ್ಟಾದಲ್ಲಿ ಸಿಕ್ಕವಳು ಸರಿದು ನೋಡುತ್ತಾಳೇನು — ಥೂ, ಸಾಕು, ಹೊರಗೆ ನೋಡು ಶಂಭುಲಿಂಗಪ್ಪ, ಹತ್ತಿಯ ಹೊಲ ನೋಡು, ಎತ್ತು ನೋಡು. ಏನ್ರಿ ಪೇಂಟರ್ ಸಾಹೇಬ್ರ, ದುಮ್ಮವಾಡಕ್ಕೇನ್ರಿ, ಮತ್ತೇನ ಬರಿಯಾಕ ಹೊಂಟೀರಿ, ಅಂದ ಕಂಡಕ್ಟರ. ಬರೆಯಲಿಕ್ಕಲ್ಲಪ್ಪಾ, ಅಳಿಸಲಿಕ್ಕೆ. ಹಾಗನ್ನಲಿಲ್ಲ, ಒಂದು ದುಮ್ಮವಾಡ ಕೊಡ್ರಿ ಅಂದೆ. ಕಾಲಸಂದಿಯಲ್ಲಿ ಸುಣ್ಣದ ಡಬ್ಬಿ, ಹೆಗಲಿನ ಚೀಲದಲ್ಲಿ ಗೋಡೆ ಕೆರೆಯುವ ಪಟ್ಟಿ, ಅದರ ಜೊತೆ ದಿನದಂತೆ ಸಣ್ಣ ಬ್ರಷ್ಷು, ಕಪ್ಪು ಬಣ್ಣ, ತೆಗೆದಿಡಬೇಕೆಂದು ನೆನಪಾಗಲಿಲ್ಲ. ಜೇಬಿನಲ್ಲಿ ಮಡಿವಾಳೆಪ್ಪನ ಚೀಟಿ, ಸಾಹೇಬ ಹನ್ನೊಂದಕ್ಕ ಬರ್ತಾನ, ಅದರೊಳಗ ಬಂದು ಅದನ್ನ ಒರಸಿ ಹೋಗ್ರಿ. ಅದನ್ನ ಅಂತ ಬರೆದಿದ್ದಾನೆ, ಹೆಸರು ಬರೆಯಲು ಅವನಿಗೂ ಕೈ ಬಂದಿಲ್ಲ.

ಹೋದ ತಿಂಗಳು ಕಲಘಟಗಿಯ ನನ್ನ ಅಂಗಡಿಗೆ ಬಂದಾಗ ಎಷ್ಟು ನಗುತ್ತಿದ್ದ ಇದೇ ಮಡಿವಾಳೆಪ್ಪ, ದುಮ್ಮವಾಡದ ಗಿರಣಿ ಮಾಲಕ, ಡೀಸೆಲ್ ಎಂಜಿನ್ ತೆಗೆಸಿ ಕರೆಂಟಿನ ಮೋಟಾರು ಹಾಕಿಸಿದ್ದೇ ಹಾಕಿಸಿದ್ದು, ಕಾಲು ನೆಲಕ್ಕೇ ತಾಗುತ್ತಿರಲಿಲ್ಲ. ಶಂಭಣ್ಣ, ಒಂದು ಬಟನ್ ಬರದ ಕೊಡ್ರಿ. ಬಟನ್ನಾ? ಹೌದ್ರಿ, ಬಂದ್ ಮಾಡೂ ಬಟನ್, ಕೆಂಪಂದು. ಮೋಟಾರಿನ ಬಟನ್ ಬಾಗಿಲ ಹತ್ತಿರ ಇತ್ತು, ಸರ್ಕಾರದಿಂದ ನೋಡಲು ಬಂದ ಸಾಹೇಬ ಕಾಳು ಸುರಿಯುವ ಕಡೆಗೆ, ಮೋಟಾರು ತಿರುಗಿಸುವ ಪಟ್ಟಾದ ಬಾಜೂಕೆ, ಕೈಗೆ ಎಟುಕುವಂತೆ ಇನ್ನೊಂದು ಬಂದ್ ಮಾಡುವ ಬಟನ್ ಹಾಕಿಸು, ಹದಿನೈದು ದಿನಕ್ಕೆ ತಿರುಗಿ ಬರುತ್ತೇನೆ ಅಂದು ಹೋಗಿದ್ದ. ವೈರಿನವನು ನೆಲ ಅಗೀಬೇಕಂತಾನ್ರಿ, ಎರಡ ದಿನ ಗಿರಣಿ ಬಂದ್ ಇಡಬೇಕಂತ, ಎರಡ ದಿನಾ ಬಂದ್ ಇಟ್ರ ಮಂದಿ ದೇವಿಕೊಪ್ಪಕ್ಕ ಹೋಗ್ತಾರ, ಹ್ವಾದ ಮಂದಿ ತಿರುಗಿ ಬರ್ತಾರೇನು, ಆ ಸಾಹೇಬ ಹಿಟ್ಟಿನ ಧೂಳಿಗೆ ಅಂಜಿ ಬಾಗಿಲದಾಗ ನಿಂತ ನೋಡ್ತಾನ್ರಿ, ಒಳಗ ಬರಂಗಿಲ್ಲ, ಸುಗ್ಗಿ ಮುಗದ ಮ್ಯಾಲೆ ಖರೇದು ಹಾಕಸ್ತೀನಿ, ನೀವು ಥೇಟ್ ಪ್ಲಾಸ್ಟಿಕ್ ಕಂಡಂಗ ಬರೀರಿ, ನಿಮ್ಮ ಕೈಲೆ ಆಗ್ತದೋ ಇಲ್ಲೋ? ಆಗುತ್ತದೋ ಇಲ್ಲವೋ ಅಂದನಲ್ಲ, ಅಲ್ಲೇ ಸಿಕ್ಕಿಬಿದ್ದೆ ನಾನು. ಇಪ್ಪತ್ತು ವರ್ಷ ಗೋಡೆ ಮೇಲೆ ಇಲ್ಲಿ ಉಗುಳಬಾರದು ಅಂತ ಬರೆದವನು, ಟ್ರ್ಯಾಕ್ಟರಿನ ಹಿಂದೆ ಅಮ್ಮನ ಆಶೀರ್ವಾದ ಬರೆದವನು, ಎಂಬತ್ತೈದರ ಚುನಾವಣೆಯಲ್ಲಿ ಎಲ್ಲರ ಚಿಹ್ನೆಯನ್ನೂ ಒಂದೇ ಬ್ರಷ್ಷಿನಲ್ಲಿ ಬರೆದವನು, ನನ್ನ ಕೈಲಿ ಒಂದು ಬಟನ್ ಆಗುವುದಿಲ್ಲವೇ. ಬೇಡ ಸಾವ್ಕಾರ್ರ, ಇದು ಜೀವದ ಕೆಲಸ ಅಂತ ಬಾಯಿಗೆ ಬಂದಿತ್ತು, ಖರೇ ಹೇಳುತ್ತೇನೆ ಬಂದಿತ್ತು, ಬಂದದ್ದನ್ನು ನುಂಗಿ ನಾಳೆ ತೋರಸ್ತೀನಿ ತಗೋರಿ ಅಂದೆ.

ಮಗಳ ಸ್ವೆಟರಿನ ಕೆಂಪು ಗುಂಡಿ ಕಿತ್ತುಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟು ಒಂದು ದಿನವಿಡೀ ನೋಡುತ್ತ ಕೂತೆ. ಪ್ಲಾಸ್ಟಿಕ್ ಒಂದೇ ಕೆಂಪಲ್ಲ, ಕೆಳಗಿನ ಅಂಚಿನಲ್ಲಿ ಒದ್ದೆ ಕುಂಕುಮದಷ್ಟು ಕಪ್ಪು, ಆ ಕಪ್ಪಿನ ಒಳಮೈಗೆ ಮತ್ತೆ ಒಂದು ಎಳೆ ತಿಳಿಗೆಂಪು, ಕಟ್ಟೆಯ ಬೆಳಕು ಕೆಳಗಿನಿಂದ ತಿರುಗಿ ಬಂದು ತಾಗಿದ್ದು, ಮೇಲ್ಭಾಗದಲ್ಲಿ ಅರ್ಧಚಂದ್ರದಂತೆ ತೆಳು ಬಿಳುಪು, ಎಲ್ಲಕ್ಕೂ ಮೇಲೆ ಎಡಕ್ಕೆ ಆ ಚುಕ್ಕಿ — ಚುಕ್ಕಿ ಇಟ್ಟ ಕೂಡಲೇ ಚಪ್ಪಟೆ ಬಣ್ಣ ಉಬ್ಬಿ ನಿಲ್ಲುತ್ತದೆ. ಹೆಂಡತಿ ಅನ್ನವ್ವ ಬೈದಳು, ಅಲ್ರೀ, ಹುಡುಗಿ ಸ್ವೆಟರ್ ಬಾಯಿ ತಕ್ಕೊಂಡ ನಿಂತೈತಿ, ನೀವು ಗುಂಡಿ ಮುಂದ ಧ್ಯಾನಕ್ಕ ಕುಂತೀರೇನು. ಹಲಗೆಯ ಮೇಲೆ ಮೂರು ಸಲ ಬರೆದೆ, ಮೂರೂ ಮಣ್ಣುಪಾಲು, ಚುಕ್ಕಿಯ ಅಂಚು ಗಡಸಾಗಿ ಸುಣ್ಣ ಸಿಡಿದಂತೆ ಕಾಣುತ್ತಿತ್ತು, ನಾಲ್ಕನೆಯದಕ್ಕೆ ಬಣ್ಣ ಹಸಿಯಿರುವಾಗಲೇ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಎತ್ತಿದೆ, ಅಂಚು ಕರಗಿತು, ಎಲಾ ಇವನ, ಎದ್ದು ನಿಂತಿತು ಬಟನ್. ವಾರ್ನಿಶ್ ಒಣಗಿದ ಮೇಲೆ ಗೋಡೆಗೆ ಒರಗಿಸಿಟ್ಟಿದ್ದೆ, ಕಸ ಹೊಡೆಯುತ್ತ ಬಂದ ಅನ್ನವ್ವ, ಇದೇನ ಹೊಸಾದು ತಂದೀರಿ ಅನ್ನುತ್ತ ಒತ್ತಿದಳು — ಒತ್ತಿದಳು, ನನ್ನ ಕಣ್ಣೆದುರಿಗೇ ಒತ್ತಿದಳು — ಅಯ್ಯ ಶಿವನ, ಇದು ಒಳಗ ಹೋಗವಲ್ದಲ್ರೀ! ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು, ಅವಳೂ ನಕ್ಕಳು, ಆ ದಿನ ಸಂಜೆ ಸಂತೆಯಿಂದ ಪೇಢೆ ತಂದು ಕೊಟ್ಟೆ, ನನ್ನ ಮನೆಯ ಹೆಂಗಸೇ ಮೋಸ ಹೋದಳಲ್ಲ ಅಂತ, ಅಷ್ಟು ಖುಷಿ. ಗೊತ್ತಿರಲಿಲ್ಲ ಅಂತ ಯಾರ ಮುಂದೆ ಹೇಳಲಿ ಈಗ, ನೋಡಿದವರು ಒತ್ತುತ್ತಾರೆ ಅಂತ ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರಿದ್ದರು.

ಮರುದಿನವೇ ದುಮ್ಮವಾಡಕ್ಕೆ ಹೋಗಿ ಗಿರಣಿಯ ಗೋಡೆಗೆ ಅದನ್ನೇ ಬರೆದೆ, ಪೆಟ್ಟಿಗೆ, ನಾಲ್ಕು ಸ್ಕ್ರೂ, ಪೆಟ್ಟಿಗೆಯ ನೆರಳು, ನಡುವೆ ಬಟನ್. ಬರೆದು ಮುಗಿದರೆ ಬಲಗಡೆ ಕೆಳಗೆ ಶಂಭು ಆರ್ಟ್ಸ್ ಕಲಘಟಗಿ ಅಂತ ಸಹಿ ಹಾಕುವುದು ನನ್ನ ಪದ್ಧತಿ, ಬ್ರಷ್ಷು ಕಪ್ಪಿನಲ್ಲಿ ಅದ್ದಿಯೂ ಆಗಿತ್ತು, ಮಡಿವಾಳೆಪ್ಪ ಹಾರಿ ಬಂದು ಕೈ ಹಿಡಿದ, ಏ ಶಂಭಣ್ಣ, ಬಟನ್ನಿಗೆ ಯಾರರ ಸಹಿ ಹಾಕ್ತಾರೇನ್ರಿ. ಸಹಿ ಇಲ್ಲದೆ ಬಿಟ್ಟ ಕೆಲಸ ಅದೊಂದೇ. ಸಾಹೇಬ ಬರುವ ದಿನ ನೋಡಲೆಂದು ನಾನೂ ಹೋಗಿದ್ದೆ, ಸಾಹೇಬ ಬಂದ, ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲಿ ನಿಂತ, ತಲೆಯಾಡಿಸಿ ಹೋದ. ಅವತ್ತೇ ಮಡಿವಾಳೆಪ್ಪ ಕೆಲಸದವರನ್ನೆಲ್ಲ ನಿಲ್ಲಿಸಿ, ಇದು ಸರ್ಕಾರದ ಬಟನ್ ಐತಿ, ಯಾರೂ ಸುಮ್ಮ ಸುಮ್ಮನ ಮುಟ್ಟಬ್ಯಾಡ್ರಿ, ಮುಟ್ಟಿದ್ರ ದಂಡ ಐತಿ ಅಂದ, ನಾನು ಬಾಯಿಗೆ ಟವೆಲ್ ಅಡ್ಡ ಹಿಡಿದು ನಗು ತಡೆಯುತ್ತಿದ್ದೆ. ಆಗ ಕೇಳಿದಳು ಹನಮವ್ವ, ತಂಬೂರ ಊರಿನವಳು, ಕಾಳು ಸುರಿಯುವ ಕೆಲಸಕ್ಕೆ ಸೇರಿ ಎಂಟು ದಿನವೂ ಆಗಿರಲಿಲ್ಲ, ಮಾಲಕನನ್ನು ಕೇಳಲು ಅಂಜಿ ನನ್ನ ಕಡೆ ತಿರುಗಿದಳು — ಹಂಗಾದ್ರ ಯಾವಾಗ ಒತ್ತಬೇಕ್ರಿ ಯಣ್ಣಾ? ಮಡಿವಾಳೆಪ್ಪ ಕಣ್ಣು ಮಿಟುಕಿಸಿದ. ನಾನು ಟವೆಲ್ ತೆಗೆದು, ಮುಖ ಗಂಭೀರ ಮಾಡಿ, ಜೀವಕ್ಕ ಬಂದಾಗ ಒತ್ತವಾ ಅಂದೆ. ಅವಳು ಶಾಲೆಯ ಹುಡುಗಿಯ ಹಾಗೆ ಹೂಂನ್ರಿ ಅಂದಳು.

ಹೂಂನ್ರಿ ಅಂದಳು ಶಿವನೇ. ಮಂಗಳವಾರ ಜೀವಕ್ಕೆ ಬಂತು. ಖೈರುನಬಿ ಹೇಳಿದ್ದು, ಜೋಳ ಬೀಸಲು ಬಂದಿದ್ದಳು ಅವಳು, ಸೆರಗ ಹೋತ್ರೀ ಮೊದಲ, ಪಟ್ಟಾದಾಗ, ಸೆರಗ ಎಳಕೊಳ್ಳಾಕ ಹ್ವಾದ ಬಲಗೈನೂ ಹೋತು, ನಾ ಬಟನ್ ಒತ್ತs ಬಟನ್ ಒತ್ತs ಅಂತ ಒದರಿದೆ, ಒತ್ತಾಕ ಹತ್ತಿದ್ಲ್ರೀ ಆಕಿ, ಎಡಗೈಲೆ, ಒಂದs ಸವನ ಒತ್ತಾಕ ಹತ್ತಿದ್ಲು, ನಾ ನಿಂತ ನೋಡಿದೆ, ಈಗ ಬಂದ್ ಆಗ್ತದ ಈಗ ಬಂದ್ ಆಗ್ತದ ಅಂತ ನಿಂತs ನೋಡಿದೆ, ಆಮ್ಯಾಲೆ ಬಾಗಿಲ ಕಡೆ ಓಡಿ ಅಲ್ಲಿಂದು ಒತ್ತಿದೆ, ಆ ಗೋಡಿ ಬಟನ್ ಇಲ್ಲಂದಿದ್ರ ಮೊದಲs ಓಡತಿದ್ದೆ, ಬರೇ ಬೆರಳ ಹೋಗ್ತಿದ್ವೇನೋ. ಬಲಗೈ ಮೊಣಕೈವರೆಗೂ ತೆಗೆದಿದ್ದಾರೆ. ಹುಬ್ಬಳ್ಳಿಯ ದವಾಖಾನೆಗೆ ನಿನ್ನೆ ಬಾಳೆಹಣ್ಣು ಹಿಡಿದು ಹೋದೆ, ಬಾಳೆಹಣ್ಣು ಅಂತೆ, ಮುಖ ಇಲ್ಲದವನು ಕೈಯಲ್ಲಿ ಏನಾದರೂ ಹಿಡಿದಿರಬೇಕಲ್ಲ. ಬರ್ರಿ ಯಣ್ಣಾ ಅಂದಳು ಹನಮವ್ವ, ಎದ್ದು ಕೂರಲು ನೋಡಿದಳು, ನನ್ನ ಮುಂದೆ ಎದ್ದು ಕೂರಲು. ತಪ್ಪು ನಂದs ಐತ್ರಿ, ನೀವು ಹೇಳಿದಂಗs ಒತ್ತಿದೆ, ಮೊದಲ ದಂಡ ಹಾಕ್ತಾರಂತ ಒಂದ್ಚೂರು ಅಂಜಿದೆ, ಆಮ್ಯಾಲೆ ಒತ್ತಿದೆ, ಬಂದ್ ಆಗಲಿಲ್ಲ, ಎಡಗೈ ನೋಡ್ರಿ, ಜೋರ ಸಾಲಲಿಲ್ಲ ಕಾಣ್ತೈತಿ. ಜೋರು ಸಾಲಲಿಲ್ಲವಂತೆ. ಹೇಳಿಬಿಡು, ಈಗಲೇ ಹೇಳು, ಹನಮವ್ವಾ ಅದು ಬಟನ್ನೇ ಅಲ್ಲ ಅನ್ನು, ನಾನು ಬರೆದದ್ದು ಅನ್ನು — ಬಾಳೆಹಣ್ಣು ತಲೆದಿಂಬಿನ ಬಾಜೂಕೆ ಇಟ್ಟು ಬಸ್ಸಿಗೆ ಹೊತ್ತಾಯಿತವಾ ಅಂದು ಎದ್ದು ಬಂದೆ.

ಇಳೀರಿ ಪೇಂಟರ್ ಸಾಹೇಬ್ರ, ಬಂತು ದುಮ್ಮವಾಡ. ಗಿರಣಿ ಬಂದ್ ಇದೆ, ಎರಡು ದಿನ ಬಂದ್ ಇಡಲಾರದ ಗಿರಣಿ ನಾಲ್ಕು ದಿನದಿಂದ ಬಂದ್ ಇದೆ. ಮಡಿವಾಳೆಪ್ಪ ನಾಲ್ಕೇ ದಿನಕ್ಕೆ ಇಳಿದು ಹೋಗಿದ್ದಾನೆ, ಕ್ಷೌರ ಇಲ್ಲ, ಬಾಯಿ ಒಣಗಿದೆ, ಕೈ ಹಿಡಿದು ಒಳಗೆ ಕರೆದುಕೊಂಡು ಬಂದ. ಲಗೂ ಮಾಡ್ರಿ ಶಂಭಣ್ಣ, ಈ ಸಲ ಒಳಗs ಬಂದ ನೋಡ್ತಾರ, ಇಲ್ಲಿ ಏನೂ ಇರಲಿಲ್ಲ, ಬಟನ್ ಬಾಗಿಲದಾಗ ಐತಿ, ಆಕಿ ಸೆರಗ ಬಿಗಿ ಕಟ್ಟಲಾರದ ನಿಂತ್ಲು, ಇಷ್ಟs ಮಾತು. ಖೈರುನಬಿ ನೋಡ್ಯಾಳಲ್ರಿ, ಅಂದೆ. ಆಕಿ ಏನ ನೋಡಿದ್ಲು, ಗೋಡಿ ಮ್ಯಾಲೆ ಏನೂ ಇಲ್ಲಂದ್ರ ಆಕಿ ಮಾತ ಯಾರ ಕೇಳ್ತಾರ, ನಿಮಗೂ ಮಕ್ಕಳದಾವ, ನನಗೂ ಅದಾವ, ಕೆರದ ಬಿಡ್ರಿ, ನಾ ರಸ್ತಾದ ಕಡೆ ನಿಂತಿರ್ತೀನಿ. ನಿಮಗೂ ಮಕ್ಕಳದಾವ. ಹೌದು ಇದೆ, ಒಂದೇ ಇದೆ, ಅವಳ ಸ್ವೆಟರಿನ ಗುಂಡಿ ಇನ್ನೂ ನನ್ನ ಜೇಬಿನಲ್ಲೇ ಇದೆ, ಬೆರಳಿಗೆ ಸಿಗುತ್ತಿದೆ. ಕೆರೆದರೆ ಮುಗಿಯಿತು, ಕೆರೆದು ಒಂದು ಕೈ ಸುಣ್ಣ ಎಳೆದರೆ ಹಳೆಯ ಗೋಡೆ, ಯಾರೂ ಕೇಳುವುದಿಲ್ಲ, ಹನಮವ್ವ ಸೆರಗು ಕಟ್ಟದವಳು ಅಂತ ಸಾಹೇಬನ ಕಾಗದದಲ್ಲಿ ಕೂರುತ್ತದೆ, ಒಂದು ಕವಡೆಯ ಪರಿಹಾರವೂ ಸಿಗದೆ ತಂಬೂರಕ್ಕೆ ಹೋಗುತ್ತಾಳೆ, ಎಡಗೈಯಲ್ಲಿ ರೊಟ್ಟಿ ತಟ್ಟಲು ನೋಡುತ್ತಾಳೆ, ಒಂದು ಕೈಯಲ್ಲಿ ರೊಟ್ಟಿ ತಟ್ಟಲು ಬರುತ್ತದೇನು, ಸಾಯುವತನಕ ನನ್ನ ಕೈಯ ಜೋರು ಸಾಲಲಿಲ್ಲ ಅಂದುಕೊಂಡೇ ಇರುತ್ತಾಳೆ. ಕೆರೆಯುವ ಪಟ್ಟಿ ತೆಗೆದೆ. ಕಿಟಕಿಯ ಬೆಳಕು ಇತ್ತ ಬಿದ್ದಿದೆ, ಮುಂದೆ ಹೋದೆ, ಸುಮ್ಮನೆ ಕೆರೆಯಬಾರದೇ, ಯಾಕೆ ನೋಡಿದೆ — ಎಷ್ಟು ಚಲೋ ಬರೆದಿದ್ದೇನೆ ಅಂತಲೇ ನೋಡಿದೆ, ಸುಳ್ಳೇಕೆ, ಈಗಲೂ ಮೊದಲು ಅದೇ ಬಂತು ಮನಸ್ಸಿಗೆ, ಹಾಳಾದ ಮನಸ್ಸು — ನೋಡಿದರೆ ಚುಕ್ಕಿ ಒಂದೇ ಅಲ್ಲ. ಎಡಕ್ಕೆ ಮೇಲೆ ನನ್ನದು. ಅದರ ಕೆಳಗೆ ಇನ್ನೊಂದು, ಅದರ ಬಾಜೂಕೆ ಮತ್ತೊಂದು, ನಡುವೆ ಒಂದರ ಮೇಲೊಂದು. ಬಣ್ಣವಲ್ಲ. ಜೋಳದ ಹಿಟ್ಟು, ಬೆವರಿನಲ್ಲಿ ಕಲಸಿ ಒಣಗಿದ್ದು, ವಾರ್ನಿಶ್ಶಿಗೆ ಕಚ್ಚಿಕೊಂಡಿದೆ, ಗೆರೆ ಗೆರೆ ಕಾಣುತ್ತದೆ. ಹೆಬ್ಬೆರಳು.

ಎಣಿಸಬೇಡ ಅಂದರೂ ಎಣಿಸಿದೆ, ಆರು, ಏಳನೆಯದು ಜಾರಿ ಕೆಳಗೆ ಉದ್ದಕ್ಕೆ ಎಳೆದುಕೊಂಡು ಹೋಗಿದೆ. ಓದು ಬಾರದವಳು, ಎಲ್ಲಿ ಕೇಳಿದರೂ ಹೆಬ್ಬೆರಳೊತ್ತುವವಳು, ಇಲ್ಲಿ ಏಳು ಸಲ ಒತ್ತಿದ್ದಾಳೆ, ಅವಳ ಸಹಿ ಇದೆ, ನನ್ನದೇ ಇಲ್ಲ. ರಸ್ತೆಯಲ್ಲಿ ಜೀಪಿನ ಸದ್ದು, ಬರ್ರಿ ಸಾಹೇಬ್ರ ಬರ್ರಿ, ಮಡಿವಾಳೆಪ್ಪನ ದೊಡ್ಡ ದನಿ, ನನಗೆ ಕೇಳಲೆಂದೇ ಕೂಗುತ್ತಿದ್ದಾನೆ, ಮೊದಲ ಚಾ ಕುಡೀರಿ ಸಾಹೇಬ್ರ. ಇನ್ನೂ ಹೊತ್ತಿದೆ, ನಾಲ್ಕು ಎಳೆತಕ್ಕೆ ಹೋಗುತ್ತದೆ, ಪಟ್ಟಿ ಎತ್ತಿದೆ, ಅದರ ತುದಿ ಹಿಟ್ಟಿಗೆ ತಾಗಿತು, ಒಂದು ಪುಡಿ ಉದುರಿತು ನನ್ನ ಕೈ ಮೇಲೆ — ಆಗುವುದಿಲ್ಲ, ಇದು ನನ್ನ ಕೈಲಿ ಆಗುವುದಿಲ್ಲ, ಅನ್ನವ್ವಾ ಬಂದು ಬೈಯಿ ನನ್ನ. ಪಟ್ಟಿ ಕೆಳಗಿಟ್ಟೆ. ಸಣ್ಣ ಬ್ರಷ್ಷು ಚೀಲದಲ್ಲೇ ಇತ್ತು, ಕಪ್ಪು ಇತ್ತು, ಬಲಗಡೆ ಕೆಳಗೆ ಜಾಗವೂ ಬಿಟ್ಟೇ ಇತ್ತು, ಅವಸರಕ್ಕೆ ಶ ಸೊಟ್ಟಾಯಿತು, ಜೈಲಿಗೆ ಹಾಕುತ್ತಾರೇನೋ, ಹಾಕಲಿ, ಅಂಗಡಿ ಹೋಗುತ್ತದೇನೋ, ಹೋಗಲಿ, ಇದರಿಂದ ಅವಳ ಕೈ ತಿರುಗಿ ಬರುವುದಿಲ್ಲ, ನನ್ನ ಪಾಪ ಕಡಿಮೆಯೂ ಆಗುವುದಿಲ್ಲ, ಗೊತ್ತು, ಶಂಭು ಆರ್ಟ್ಸ್ ಕಲಘಟಗಿ, ಬರೆದೆ. ಬೂಟಿನ ಸಪ್ಪಳ ಬಾಗಿಲಿಗೆ ಬಂತು, ಮಡಿವಾಳೆಪ್ಪ ಹಿಂದಿನಿಂದ ಏನ ಮಾಡಿದ್ರಿ ಶಂಭಣ್ಣ, ಏನ ಮಾಡಿದ್ರಿ ಅನ್ನುತ್ತಿದ್ದಾನೆ, ಒಳಗ ಬರ್ರಿ ಸಾಹೇಬ್ರ, ಹತ್ರ ಬಂದ ನೋಡ್ರಿ, ಇದು ನಾನs ಬರದದ್ದು, ಅಂದೆನೋ ಅನ್ನಲಿಲ್ಲವೋ, ಕಣ್ಣು ಬೇರೆ ಕಡೆ ಹೋಗುತ್ತಿಲ್ಲ — ಕೆಂಪು, ಕೆಂಪಿನ ಮೇಲೆ ಹಿಟ್ಟಿನ ಹೆಬ್ಬೆರಳು, ಜಾರಿದ ಹೆಬ್ಬೆರಳು, ಅದರ ಕೆಳಗೆ ಮತ್ತೆ ಹೆಬ್ಬೆರಳು, ಜೋರು ಸಾಲಲಿಲ್ಲವೇನೋ ಅಂತ ಇನ್ನೂ ಜೋರಾಗಿ ಒತ್ತಿದ ಹೆಬ್ಬೆರಳು.