ಸೋಪಿನ ಮೇಲಿನ ಹಕ್ಕಿ ಯಾರದು?

ದರ್ಜಿಯಮ್ಮ ಮೊಮ್ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ದುಡುದುಡನೆ ಒಳಗೆ ಬಂದಾಗ, ಸೋಪಣ್ಣ ತಂತಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಸಾಬೂನಿನ ಗಟ್ಟಿಯನ್ನು ಕತ್ತರಿಸುತ್ತಿದ್ದ. ಸಾಬೂನು ಕಾಯಿಸಿ ಮಾರುವವನಾದ್ದರಿಂದ ಆ ಬೀದಿ ಅವನಿಗೆ ಇಟ್ಟ ಹೆಸರೇ ಸೋಪಣ್ಣ. ಅವನ ನಿಜವಾದ ಹೆಸರಿನಿಂದ ಕರೆಯುತ್ತಿದ್ದವಳು ಹೆಂಡತಿಯೊಬ್ಬಳೇ. ಈಗ ಅವಳಿಲ್ಲ.

"ನೋಡು, ನಿನ್ನ ಕೈಗುಣ ನೋಡು!" ಎಂದು ದರ್ಜಿಯಮ್ಮ ಮಗುವಿನ ಅಂಗಿ ಮೇಲೆತ್ತಿದಳು. ಬೆನ್ನ ತುಂಬ ಕೆಂಪು ಗುಳ್ಳೆಗಳು. "ನಿನ್ನೆ ಇದೇ ಸೋಪು ಹಚ್ಚಿ ಸ್ನಾನ ಮಾಡಿಸಿದೆ. ರಾತ್ರಿಯೆಲ್ಲ ಕೆರ್ಕೊಂಡು ಅತ್ತಿದೆ ಪಾಪ. ನಿನ್ನ ಹೆಂಡತಿ ಇದ್ದಿದ್ರೆ ಹೀಗೆ ಆಗ್ತಿತ್ತಾ?"

ಅವಳು ಮೇಜಿನ ಮೇಲೆ ಕುಕ್ಕಿದ ಸಾಬೂನನ್ನು ಸೋಪಣ್ಣ ಎತ್ತಿ ನೋಡಿದ. ಹಸಿರು ಬಣ್ಣ. ಅವನು ಜನ್ಮದಲ್ಲಿ ಹಸಿರು ಸಾಬೂನು ಮಾಡಿದವನಲ್ಲ. ಆದರೆ ಅದರ ನಡುವೆ ಒತ್ತಿದ್ದ ಗುರುತು ಅವನಿಗೆ ಚೆನ್ನಾಗಿ ಗೊತ್ತಿದ್ದದ್ದು. ಗಿಡ್ಡ ಬಾಲದ ಒಂದು ಹಕ್ಕಿ, ಕತ್ತು ತಿರುಗಿಸಿ ಹಿಂದಕ್ಕೆ ನೋಡುತ್ತಿದೆ.

"ಹಕ್ಕಿ ನಮ್ಮದು. ಸೋಪು ನಮ್ಮದಲ್ಲ," ಎಂದ.

"ಅದ್ಹೇಗಪ್ಪ? ಹಕ್ಕಿ ಒಬ್ಬರದು, ಸೋಪು ಇನ್ನೊಬ್ಬರದಾ? ನಾನು ಓದುಬರಹ ಕಲಿತೋಳಲ್ಲ. ಹಕ್ಕಿ ನೋಡಿ ತಗೊಂಡೆ. ಮೂಲೆ ಅಂಗಡಿ ಅತ್ತರಿನವನ ಹತ್ರ ಇತ್ತು. ನೀನೇ ಕೊಟ್ಟಿರ್ಬೇಕು ಅಂದ್ಕೊಂಡೆ."

ಸೋಪಣ್ಣ ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಒಣಗುತ್ತಿದ್ದ ತನ್ನ ಸಾಬೂನುಗಳ ಕಡೆ ನೋಡಿದ. ಎಲ್ಲವೂ ಬೋಳು. ಒಂದರ ಮೇಲೂ ಹಕ್ಕಿ ಇರಲಿಲ್ಲ.

ಆ ಹಕ್ಕಿಯನ್ನು ಕೆತ್ತಿದವಳು ಅವನ ಹೆಂಡತಿ. ಮದುವೆಯಾದ ಹೊಸದರಲ್ಲಿ, ಮುರಿದ ಮಂಚದ ಕಾಲಿನ ಮರದಿಂದ ಅಚ್ಚು ಮಾಡಿದಳು. "ಇದ್ಯಾಕೆ ಹಿಂದೆ ನೋಡತ್ತೆ?" ಎಂದು ಅವನು ಕೇಳಿದಾಗ, "ನಿಮ್ಮನ್ನೇ ನೋಡ್ತಿದೆ, ಎಣ್ಣೆ ಸರಿಯಾಗಿ ಕಾಯಿಸಿದ್ರಾ ಇಲ್ವಾ ಅಂತ" ಎಂದಿದ್ದಳು. ಅಲ್ಲಿಂದ ಮುಂದೆ ಅವನು ಕತ್ತರಿಸುವುದು, ಅವಳು ಒತ್ತುವುದು. ಸಾಬೂನು ಬೆರಳಿಗೆ ಅಂಟಬಾರದು, ಆದರೆ ಉಗುರು ಇಳಿಯಬೇಕು. ಆ ಹದ ನೋಡಿ ಅವಳು ಅಚ್ಚಿಟ್ಟು, ಪುಟ್ಟ ಕೊಡತಿಯಿಂದ ಟಕ್ಕೆಂದು ಬಡಿಯುತ್ತಿದ್ದಳು. ಆ ಮನೆಯ ಸದ್ದು ಎಂದರೆ ಅದೇ ಟಕ್ ಟಕ್.

ಅವಳು ಹೋದ ಮೇಲೆ ಸೋಪಣ್ಣ ಅಚ್ಚನ್ನು ಅವಳ ಬಟ್ಟೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಅವಳಿಲ್ಲದೆ ಹಕ್ಕಿಯನ್ನು ಒತ್ತಲು ಕೈ ಬರಲಿಲ್ಲ. ಹಕ್ಕಿಯ ಚಿತ್ರವಿದ್ದ ಹೊದಿಕೆಯನ್ನೂ ಬಿಟ್ಟು ಬೋಳು ಸಾಬೂನನ್ನೇ ಮಾರುತ್ತ ಬಂದ. ಗುರುತಿಲ್ಲದ ಸಾಬೂನನ್ನು ಜನ ಹೇಗೆ ಹುಡುಕಿಯಾರೆಂದು ಅವನು ಯೋಚಿಸಲಿಲ್ಲ. ದುಃಖದಲ್ಲಿರುವವನಿಗೆ ಆ ಯೋಚನೆ ಹೊಳೆಯುವುದೂ ಇಲ್ಲ.

ಸಂಜೆ ಅವನು ಅತ್ತರಿನ ಅಂಗಡಿಗೆ ಹೋದ. ಅಂಗಡಿಯವನು ಹಿಂದೆ ಇವರ ಬಳಿಯೇ ಸಾಬೂನು ಕೊಂಡು ಮಾರುತ್ತಿದ್ದವನು. ನಗುನಗುತ್ತಲೇ ಮಾತಾಡಿದ.

"ಬನ್ನಿ ಸೋಪಣ್ಣ. ಹಕ್ಕಿ ವಿಷಯಾನಾ? ಹಾರಾಡೋ ಹಕ್ಕಿಗೆಲ್ಲ ನೀವೇ ಯಜಮಾನರಾ?"

"ಅದು ನನ್ನ ಹೆಂಡತಿ ಮಾಡಿದ ಗುರುತು. ನಿಮಗೂ ಗೊತ್ತು."

"ಗೊತ್ತಿತ್ತು. ಈಗ ನಿಮ್ಮ ಸೋಪಿನ ಮೇಲೆ ಎಲ್ಲಿದೆ, ತೋರ್ಸಿ? ನೀವು ಬಿಟ್ರಿ, ನಾನು ಎತ್ಕೊಂಡೆ. ನೋಂದಣಿಗೆ ಅರ್ಜಿನೂ ಹಾಕಿದ್ದೀನಿ. ಅದು ಕೈಗೆ ಬಂದ್ಮೇಲೆ ನೀವೇ ಹಕ್ಕಿ ಒತ್ತಿದ್ರೆ ನಿಮಗೇ ನೋಟೀಸು ಕಳಿಸ್ಬೇಕಾಗತ್ತೆ. ಬೇಜಾರು ಮಾಡ್ಕೋಬೇಡಿ, ಇದು ವ್ಯಾಪಾರ."

ಸೋಪಣ್ಣ ಮನೆಗೆ ಬಂದು ದೀಪ ಹಚ್ಚದೆ ಕೂತ. ಅವಳಂತೂ ಹೋದಳು, ಈಗ ಅವಳ ಕೈಯ ಕೆಲಸವೂ ಹೋಗುತ್ತದೆ. ಇನ್ನು ಮುಂದೆ ಅವಳ ಹಕ್ಕಿಯನ್ನು ಕಂಡು ಜನ ಉಗಿಯುತ್ತಾರೆ. ತಾನು ಅದನ್ನು ಒತ್ತಿದರೆ ಕಳ್ಳನಾಗುತ್ತಾನೆ. "ದೇವರೇ, ಇದೊಂದನ್ನಾದರೂ ಉಳಿಸಿಕೊಡಬಾರದಿತ್ತೆ?" ಎಂದು ಕತ್ತಲಿಗೆ ಕೈಮುಗಿದ.

ಭಾನುವಾರ ಅವನ ನಾದಿನಿ ಬಂದಳು. ಹೆಂಡತಿಯ ತಂಗಿ, ವಕೀಲರೊಬ್ಬರ ಕಚೇರಿಯಲ್ಲಿ ವ್ಯಾಪಾರ ಚಿಹ್ನೆಗಳ ಅರ್ಜಿ ನೋಡಿಕೊಳ್ಳುವವಳು. ಅಕ್ಕನ ಹಾಗೆಯೇ ಬಾಯಿ ಜೋರು. ಚೀಲ ಕೆಳಗಿಟ್ಟು ಭಾವನ ಗಡ್ಡ ಬೆಳೆದ ಮುಖ ನೋಡಿದಳು.

"ಏನು ಭಾವ, ಕ್ಷೌರದವರ ಮೇಲೆ ಸಿಟ್ಟಾ?"

ಅವನು ನಡೆದದ್ದನ್ನೆಲ್ಲ ಹೇಳಿದ. ಅವಳ ನಗು ನಿಂತಿತು.

"ಟ್ರೇಡ್‌ಮಾರ್ಕ್ ಮಾಡಿಸಿ ಅಂತ ಅಕ್ಕ ಇದ್ದಾಗಲೇ ಬಡ್ಕೊಂಡಿದ್ದೆ. ನೀವು ಮೂಗು ಮುರಿದ್ರಿ."

"ಊರಿಗೇ ಗೊತ್ತಿರೋ ಹಕ್ಕಿಗೆ ಕಾಗದ ಯಾಕೆ ಅಂದ್ಕೊಂಡೆ. ಅದೆಲ್ಲ ದೊಡ್ಡ ಕಾರ್ಖಾನೆಯವರಿಗೆ ಅಲ್ವಾ?"

"ಸಣ್ಣವರಿಗೇ ಹೆಚ್ಚು ಬೇಕು ಭಾವ. ದೊಡ್ಡವರಿಗೆ ಜಾಹೀರಾತಿದೆ, ವಕೀಲರ ದಂಡಿದೆ. ನಮಗಿರೋದು ಇದೊಂದೇ ಗುರುತು. ಜನ ಸೋಪಿನೊಳಗೆ ಇಣುಕಿ ನೋಡೋಕಾಗತ್ತಾ? ಗುರುತು ನೋಡಿ ನಂಬ್ತಾರೆ. ಆ ನಂಬಿಕೆ ನಮ್ಮದು ಅಂತ ಸರ್ಕಾರದ ದಾಖಲೆಲಿ ಬರೆಸೋದೇ ನೋಂದಣಿ."

"ಇನ್ನೇನು ಬಿಡು. ಅವನು ಹಾಕಿ ಆಯ್ತಲ್ಲ. ದೇವರು ನೋಡ್ಕೋತಾನೆ."

"ದೇವರು ನೋಡ್ಕೊಂಡೇ ನನ್ನನ್ನ ಆ ಆಫೀಸಿನಲ್ಲಿ ಕೂರಿಸಿದ್ದಾನೆ. ಏಳಿ ಮೇಲೆ!"

ಅವಳು ಮೊಬೈಲಿನಲ್ಲಿ ನೋಂದಣಿ ಕಚೇರಿಯ ತಾಣ ತೆರೆದು ಹುಡುಕಿದಳು. ಯಾರು ಬೇಕಾದರೂ ಹಾಗೆ ಹುಡುಕಬಹುದು. ನಮ್ಮ ಗುರುತಿನಂಥದ್ದು ಬೇರೆಯವರಿಗೆ ಇದೆಯೇ ಎಂದು ಅರ್ಜಿಗೆ ಮುಂಚೆಯೇ ನೋಡಿಕೊಳ್ಳಬೇಕು ಎಂದಳು. ಅತ್ತರಿನವನ ಅರ್ಜಿ ಸಿಕ್ಕಿತು. ಹಕ್ಕಿಯೂ ಇತ್ತು, ಕತ್ತು ತಿರುಗಿಸಿಕೊಂಡು.

"ಇದು ಈಗಷ್ಟೇ ಕಚೇರಿಯ ಪತ್ರಿಕೆಲಿ ಪ್ರಕಟ ಆಗಿದೆ. ಇನ್ನೂ ಅವನದ್ದಾಗಿಲ್ಲ. ಯಾರದಾದ್ರೂ ತಕರಾರಿದ್ರೆ ಹೇಳಲಿ ಅಂತಾನೇ ಪ್ರಕಟಿಸೋದು. ಅದಕ್ಕೆ ಗಡುವಿದೆ, ದಾಟಿದ್ರೆ ಕಷ್ಟ. ನಾವು ಆಕ್ಷೇಪಣೆ ಹಾಕೋಣ, ನಮ್ಮದೇ ಅರ್ಜಿನೂ ಹಾಕೋಣ. ನಮ್ಮ ಕಾನೂನಿನಲ್ಲಿ ಮೊದಲಿಂದ ಬಳಸಿದವರ ಮಾತಿಗೂ ಬೆಲೆ ಇದೆ. ಆದ್ರೆ ಬಾಯಿಮಾತು ಸಾಲದು. ಅವನಿಗಿಂತ ಮುಂಚೆ ನಾವು ಬಳಸ್ತಿದ್ವಿ ಅಂತ ತೋರಿಸೋ ಸಾಕ್ಷಿ ಬೇಕು. ಹಳೇ ಬಿಲ್ಲು, ಅಂಗಡಿ ಬೋರ್ಡಿನ ಫೋಟೋ, ತಾರೀಖಿರೋ ಹೊದಿಕೆ ಏನಾದ್ರೂ ಇದೆಯಾ?"

"ಬಿಲ್ಲು ಗಿಲ್ಲು ಯಾರು ಇಟ್ಕೊಂಡ್ರು? ಸೋಪು ಕಣಮ್ಮ ಅದು. ತಿಕ್ಕಿದ್ರೆ ಮೊದಲು ಕರಗೋದೇ ಹಕ್ಕಿ. ಎಲ್ಲಿ ಉಳಿಯತ್ತೆ?"

ನಾದಿನಿ ಬೀಗ ಹಾಕಿದ ಕಪಾಟಿನ ಕಡೆ ನೋಡಿ ಮೆಲ್ಲಗೆ ಕೇಳಿದಳು. "ಅಕ್ಕ ಬಟ್ಟೆ ಮಡಿಕೆ ನಡುವೆ ಸೋಪು ಇಡ್ತಿದ್ದಳಲ್ಲ, ವಾಸನೆಗೆ ಅಂತ. ಕಪಾಟು ತೆಗೆದಿದ್ದೀರಾ?"

ಸೋಪಣ್ಣ ತಲೆಯಾಡಿಸಿದ. ಇಲ್ಲ. ಅಚ್ಚಿಟ್ಟು ಮುಚ್ಚಿದ್ದಷ್ಟೇ.

"ತೆಗೀರಿ."

"ನೀನೇ ತೆಗಿ."

"ನಾನು ತೆಗೆಯೋದಲ್ಲ ಭಾವ ಅದು."

ಅವನು ಬೀಗದ ಕೈ ತಂದ. ಕಪಾಟಿನ ಮುಂದೆ ಬಹಳ ಹೊತ್ತು ನಿಂತ. ಬಾಗಿಲು ಬಿಚ್ಚಿದೊಡನೆ ಅವಳೇ ಎದುರು ಬಂದು ನಿಂತಂತೆ ಆ ವಾಸನೆ ಹೊರಗೆ ಬಂತು. ಸೋಪಣ್ಣ ಬಾಗಿಲ ಅಂಚು ಹಿಡಿದುಕೊಂಡ. ನಾದಿನಿ ಕಿಟಕಿಯ ಕಡೆ ತಿರುಗಿ, ಹೊರಗೆ ಏನೂ ಇಲ್ಲದಿದ್ದರೂ ನೋಡುತ್ತ ನಿಂತಳು.

ಮೇಲಿನ ಮಡಿಕೆಯಲ್ಲಿ ಒಂದು. ಅದರ ಕೆಳಗೆ ಇನ್ನೊಂದು. ಪ್ರತಿ ವರ್ಷ ಮೊದಲು ಕಾಯಿಸಿದ ಸಾಬೂನುಗಳಲ್ಲಿ ಒಂದನ್ನು ಅವಳು ಹೊದಿಕೆ ಸಮೇತ ತೆಗೆದಿಟ್ಟಿದ್ದಳು. ತಳದ ಹಳೆಯ ಕಂಬಳಿಯವರೆಗೂ ಸಾಬೂನುಗಳೇ. ಒಂದೊಂದು ಹೊದಿಕೆಯ ಮೇಲೂ ಹಕ್ಕಿ. ಕೆಳಗೆ ತಯಾರಾದ ತಿಂಗಳು, ವರ್ಷ. ಬಿಚ್ಚಿದರೆ ಒಳಗೂ ಹಕ್ಕಿ, ಒಂದು ಗರಿಯೂ ಕರಗಿರಲಿಲ್ಲ.

"ನನ್ನ ಹತ್ರ ಹೇಳೇ ಇಲ್ಲ," ಎಂದ ಸೋಪಣ್ಣ. "ಇಷ್ಟು ವರ್ಷ ಒಂದೇ ಮನೇಲಿದ್ದೆ. ನನಗೆ ಗೊತ್ತೇ ಆಗಲಿಲ್ಲ."

ಆ ವಾರವೇ ಆಕ್ಷೇಪಣೆ ಹೋಯಿತು. ಹಳೆಯ ಸಾಬೂನುಗಳ ಫೋಟೋ, ಹೊದಿಕೆ ಅಚ್ಚು ಹಾಕಿದ ಮುದ್ರಣಾಲಯದವರು ಹುಡುಕಿಕೊಟ್ಟ ಹಳೆಯ ಬಿಲ್ಲುಗಳು, ಹಕ್ಕಿಯಿದ್ದ ಅಂಗಡಿಯ ಬೋರ್ಡಿನ ಮುಂದೆ ಗಂಡಹೆಂಡಿರು ನಿಂತಿದ್ದ, ನಾದಿನಿಯ ಬಳಿ ಉಳಿದಿದ್ದ ಹಳೆಯ ಚಿತ್ರ, ಎಲ್ಲ ಸೇರಿದವು. ಹಕ್ಕಿ ಮೊದಲಿಂದಲೂ ಸೋಪಣ್ಣನದೇ ಎಂಬ ತನ್ನ ಹೇಳಿಕೆಗೆ ದರ್ಜಿಯಮ್ಮ ಹೆಬ್ಬೆಟ್ಟು ಒತ್ತಿ, "ನಾನೂ ಒಂದು ಗುರುತು ಒತ್ತಿದೆ ನೋಡು. ಇದನ್ನೂ ಅತ್ತರಿನವನು ಎತ್ಕೊಂಡು ಹೋಗ್ದೆ ಇರಲಿ" ಎಂದಳು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಯಾರೋ ನಕ್ಕರು.

ತಮ್ಮ ಅರ್ಜಿ ತುಂಬುವಾಗ ಸೋಪಣ್ಣ, "ಹೊದಿಕೆಲಿ ಹಕ್ಕಿ ಕೆಳಗೆ 'ಒಳ್ಳೆಯ ಸೋಪು' ಅಂತ ಬರೀತಿದ್ವಲ್ಲ, ಅದನ್ನೂ ನಮ್ಮ ಹೆಸರಿಗೆ ಮಾಡ್ಸು" ಎಂದ.

"ಅದು ಸಿಗಲ್ಲ ಭಾವ. 'ಒಳ್ಳೆಯ' ಅನ್ನೋದನ್ನ ನಿಮ್ಮೊಬ್ಬರಿಗೇ ಬರ್ಕೊಟ್ರೆ ಉಳಿದವರು ಏನು 'ಕೆಟ್ಟ ಸೋಪು' ಅಂತ ಮಾರ್ಬೇಕಾ? ಸರಕನ್ನ ಬಣ್ಣಿಸೋ ಮಾತು ಎಲ್ಲರ ಸೊತ್ತು. ಹಕ್ಕಿಗೂ ಸೋಪಿಗೂ ಸಂಬಂಧ ಇಲ್ಲ ನೋಡಿ, ಅದಕ್ಕೇ ಅದು ಗಟ್ಟಿ ಗುರುತು. ಅಕ್ಕ ಕಾನೂನು ಓದದೆ ಸರಿಯಾಗಿ ಕೆತ್ತಿದ್ದಾಳೆ."

ಯಾವ ಬಗೆಯ ಸರಕಿಗೆ ಗುರುತು ಬೇಕೋ ಆ ವರ್ಗವನ್ನು ಆರಿಸಿ, ಗುರುತಿನ ಚಿತ್ರ, ಮಾಲೀಕನ ಹೆಸರು, ಯಾವಾಗಿನಿಂದ ಬಳಕೆ ಎಂಬುದನ್ನು ಬರೆದು, ಶುಲ್ಕ ಕಟ್ಟಿ ಅರ್ಜಿ ಸಲ್ಲಿಸಿದರು. ಅರ್ಜಿಯ ಸಂಖ್ಯೆ ಬಂತು.

"ಇನ್ನು ಹೊದಿಕೆ ಮೇಲೆ ಟಿ.ಎಂ., ಅಂದ್ರೆ ಟ್ರೇಡ್‌ಮಾರ್ಕ್, ಅಂತ ಹಾಕ್ಬಹುದು. ನೋಂದಣಿ ಆಗಿದೆ ಅನ್ನೋ, ವೃತ್ತದೊಳಗಿನ ಆರ್ ಅಕ್ಷರ ಮಾತ್ರ ಪ್ರಮಾಣಪತ್ರ ಬಂದ್ಮೇಲೇನೇ. ಮೊದಲೇ ಹಾಕಿದ್ರೆ ತಪ್ಪಾಗತ್ತೆ," ಎಂದಳು ನಾದಿನಿ. "ಕಚೇರಿಯವರು ಪರಿಶೀಲಿಸ್ತಾರೆ, ಪ್ರಶ್ನೆ ಕೇಳಿ ಪತ್ರ ಬರಬಹುದು. ಬಂದ ದಿನವೇ ನನಗೆ ಹೇಳಿ, ಗಡುವಿನೊಳಗೆ ಉತ್ತರ ಕೊಡ್ಬೇಕು. ಸಿಕ್ಕಿದ ಮೇಲೂ ಹತ್ತು ವರ್ಷಕ್ಕೊಮ್ಮೆ ನವೀಕರಿಸ್ಬೇಕು. ಮತ್ತೆ ಇನ್ನೊಂದು, ಭಾವ. ಇದು ಮುಖ್ಯ."

"ಏನು?"

"ಹಕ್ಕಿ ಒತ್ತಬೇಕು. ಬಳಸದೆ ಬಹಳ ಕಾಲ ಬಿಟ್ರೆ ನೋಂದಣಿ ಆಗಿದ್ರೂ ತೆಗೆಸಿಹಾಕೋಕೆ ಆಗತ್ತೆ. ಬೀಗ ಹಾಕಿಟ್ರೆ ಗುರುತು ಉಳಿಯಲ್ಲ."

ಅವಳು ಹೊರಟುಹೋದ ಮೇಲೆ ಸೋಪಣ್ಣ ಅಚ್ಚನ್ನು ಕೈಗೆತ್ತಿಕೊಂಡ. ಅದರ ಹಿಡಿಯಲ್ಲಿ ಅವಳ ಹೆಬ್ಬೆರಳು ಸವೆಸಿದ ತಗ್ಗಿತ್ತು. ಅವನ ಹೆಬ್ಬೆರಳು ಅದರಲ್ಲಿ ಹಿಡಿಸಲಿಲ್ಲ. ಮೊದಲ ಹಕ್ಕಿ ವಾರೆಯಾಗಿ ಮೂಡಿತು. ಎರಡನೆಯದಕ್ಕೆ ಬಾಲವೇ ಇಲ್ಲ. ಎರಡನ್ನೂ ತನ್ನ ಸ್ನಾನಕ್ಕೆಂದು ಪಕ್ಕಕ್ಕಿಟ್ಟು, ಮತ್ತೆ ಬಡಿದ. ಟಕ್. ಖಾಲಿ ಮನೆಯಲ್ಲಿ ಆ ಸದ್ದು ದೊಡ್ಡದಾಗಿ ಕೇಳಿತು.

ಪ್ರಕರಣ ಬೇಗ ಮುಗಿಯಲಿಲ್ಲ. ಕಚೇರಿಯಿಂದ ಪತ್ರ ಬಂತು, ಉತ್ತರ ಹೋಯಿತು. ಅತ್ತರಿನವನ ಬಳಿ ತೋರಿಸಲು ಹಳೆಯದೇನೂ ಇರಲಿಲ್ಲ. ಅವನ ಅರ್ಜಿ ಬಿದ್ದುಹೋಯಿತು. ಹಸಿರು ಸಾಬೂನು ಅವನ ಅಂಗಡಿಯಿಂದ ಮರೆಯಾಯಿತು. ಸೋಪಣ್ಣನ ಹಕ್ಕಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಡುವು ಮುಗಿಯುವವರೆಗೂ ಯಾರೂ ತಕರಾರು ಎತ್ತಲಿಲ್ಲ.

ಪ್ರಮಾಣಪತ್ರ ಬಂದ ದಿನ ಮನೆಯಲ್ಲಿ ಅವನೊಬ್ಬನೇ ಇದ್ದ. ನಾದಿನಿಗೆ ಫೋನು ಮಾಡುವ ಮೊದಲು ಅವನು ಕಪಾಟಿನ ಬಾಗಿಲು ತೆರೆದ.

"ಬಂತು ಕಣೇ," ಎಂದ.

ಆ ದಿನ ಒತ್ತಿದ ಸಾಬೂನುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಹಕ್ಕಿ ಮೂಡಿದ ಒಂದನ್ನು ಹೊದಿಕೆಯಲ್ಲಿ ಸುತ್ತಿ, ಅವಳ ಬಟ್ಟೆಗಳ ಮೇಲಿನ ಮಡಿಕೆಯಲ್ಲಿಟ್ಟ. ಬಾಗಿಲು ಮುಚ್ಚಿದ. ಬೀಗ ಹಾಕಲಿಲ್ಲ.

ಇದನ್ನು ಓದಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೀವು ಬುಟ್ಟಿ ಹೆಣೆಯುವವರಿರಬಹುದು, ಬಟ್ಟೆ ಹೊಲಿಯುವವರಿರಬಹುದು, ಹಿಟ್ಟು ಬೀಸಿ ಮಾರುವವರಿರಬಹುದು. ನಿಮ್ಮ ಸರಕಿನ ಮೇಲೆ ನಿಮ್ಮದೊಂದು ಗುರುತು ಇದ್ದರೆ ಅದರ ಹಿಂದೆ ಯಾರದೋ ಬೆವರಿದೆ, ಯಾರದೋ ಪ್ರೀತಿಯಿದೆ. ಊರಿಗೆಲ್ಲ ಗೊತ್ತಿದೆಯೆಂದು ಸುಮ್ಮನಿರಬೇಡಿ. ಬಿಲ್ಲು, ಹೊದಿಕೆ, ಫೋಟೋ ಜೋಪಾನವಾಗಿಡಿ. ಅಂಥದೇ ಗುರುತು ಬೇರೆಯವರದಿದೆಯೇ ಎಂದು ಹುಡುಕಿ ನೋಡಿ, ತಿಳಿದವರನ್ನು ಕೇಳಿ, ವ್ಯಾಪಾರ ಚಿಹ್ನೆಯ ನೋಂದಣಿಗೆ ಇಂದೇ ಅರ್ಜಿ ಹಾಕಿ. ಆ ಗುರುತನ್ನು ಮಾಡಿದವರು ನಿಮ್ಮ ಎದುರು ಕೂತಿರುವಾಗಲೇ ಹಾಕಿ. ಪ್ರಮಾಣಪತ್ರ ಬಂದ ದಿನ ಅದನ್ನು ಅವರ ಕೈಯಲ್ಲಿಡುವ ಭಾಗ್ಯವನ್ನು ದೇವರು ನಿಮಗೆ ಕೊಡಲಿ.