ಹಳದಿ ಪಟ್ಟಿ

ತಲೆಯಾಡಿಸಿದ್ದು ಆಗಿಹೋಗಿತ್ತು.

ಟಿಕೆಟ್ ಕಿಟಕಿಯ ಹಿಂದಿನ ಹೆಂಗಸು ಕೇಳಿದ್ದು ಇಷ್ಟೇ: "ದೊಡ್ಡವರು ಒಬ್ರು, ಮಕ್ಕಳು ಇಬ್ರು, ಅಲ್ವಾ ಸರ್?" ಕಿಟಕಿ ಎತ್ತರದಲ್ಲಿತ್ತು. ಅವಳಿಗೆ ಕಂಡದ್ದು ಅವನ ಮುಖ, ಅದರ ಕೆಳಗೆ ಎರಡು ನೆತ್ತಿ. ಹಿಂದೆ ಸಾಲು ಬೆಳೆದಿತ್ತು, ಯಾರದೋ ಕೂಸು ಅಳುತ್ತಿತ್ತು. ಒಂದೇ ಮಗು, ಇನ್ನೊಬ್ಬರು ನನ್ನ ಅಕ್ಕ ಎನ್ನಲು ಎಷ್ಟು ಹೊತ್ತು ಬೇಕು? ತಲೆಯಾಡಿಸಲು ಅದಕ್ಕಿಂತ ಕಡಿಮೆ ಸಾಕು.

ಮಣಿಕಟ್ಟಿಗೆ ಅಂಟಿಸಿಕೊಳ್ಳುವ ಮೂರು ಕಾಗದದ ಪಟ್ಟಿಗಳು ಕಿಟಕಿಯಿಂದ ಬಂದವು. ಒಂದು ನೀಲಿ, ಎರಡು ಹಳದಿ.

ಅಕ್ಕ ಕೈಯೊಡ್ಡಿದಳು. "ಅಂಟಿಸೋ. ಒಂದೇ ಕೈಲಿ ಆಗಲ್ಲ ಇದು."

ಅಂಟಿಸಿದ. ಮಕ್ಕಳ ಅಳತೆಗೆ ಕತ್ತರಿಸಿದ ಪಟ್ಟಿ, ಐವತ್ತು ದಾಟಿದ ಮಣಿಕಟ್ಟನ್ನು ಕಚ್ಚಿ ಹಿಡಿಯಿತು.

"ಬಿಗಿಯಾಯ್ತಾ?"

"ಇಲ್ಲ, ಬಿಡು."

ಅವಳು ಕಿಟಕಿಯ ಕೆಳಗೇ ನಿಂತಿದ್ದಳು. ಕೇಳಿಸದೆ ಇರಲು ಸಾಧ್ಯವೇ ಇರಲಿಲ್ಲ.

ಎಂಟನೆಯ ವಯಸ್ಸಿಗೇ ಅವನು ಅಕ್ಕನನ್ನು ಮೀರಿ ಬೆಳೆದಿದ್ದ. ಈ ವರ್ಷ ಅವನ ಮಗಳು ಅವಳ ಸಮಕ್ಕೆ ಬಂದಿದ್ದಾಳೆ. ಅಕ್ಕನದು ಔಷಧದ ಅಂಗಡಿ. ಕೌಂಟರಿನ ಹಿಂದೆ ಉದ್ದಕ್ಕೂ ಎತ್ತರಕ್ಕೆಂದು ಹಲಗೆ ಹಾಸಿಕೊಂಡು, ಡಾಕ್ಟರುಗಳ ಕಾಗೆಕಾಲು ಗುಬ್ಬಿಕಾಲು ಅಕ್ಷರ ಓದಿ ಗುಳಿಗೆ ಕೊಡುತ್ತಾಳೆ. ಅವಳು ಹೊರಗೆ ಬಂದು ನಿಂತಾಗಷ್ಟೇ ಬೆರಗಾದ ಹಳೆಯ ಗಿರಾಕಿಗಳಿದ್ದಾರೆ. ಆ ಹಲಗೆಯ ಮೇಲೆ ನಿಂತೇ ತಮ್ಮನನ್ನು ಓದಿಸಿದಳು. ಅವನೀಗ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾನೆ. ಬೋರ್ಡಿನ ಮೇಲೆ ಗಂಟೆಯಾಕಾರದ ಗೆರೆ ಎಳೆದು, ಸರಾಸರಿಯಿಂದ ತೀರ ದೂರ ಬೀಳುವ ಅದರ ಎರಡು ತುದಿಗಳನ್ನು ಅಂಗೈಯಿಂದ ಒರೆಸಿ, "ಅನುಕೂಲಕ್ಕೆ ಇವನ್ನ ಬಿಟ್ಟುಬಿಡೋಣ" ಎನ್ನುತ್ತಾನೆ.

ಅವನ ಮದುವೆಯ ಪಟದಲ್ಲೂ ಅಕ್ಕ ಇದ್ದಾಳೆ. ಕೆಳಗಿನ ಅಂಚಿನಲ್ಲಿ ಬೈತಲೆಯಷ್ಟೇ ಕಾಣುತ್ತದೆ. ಇನ್ನೊಂದು ತೆಗೆಯಿರಿ ಎಂದು ಅವನು ಹೇಳಲಿಲ್ಲ. ಪಟ ಕೈಗೆ ಬಂದಾಗ ಅಕ್ಕ ನಕ್ಕಿದ್ದಳು: "ನೆತ್ತಿ ಚೆನ್ನಾಗಿ ಬಂದಿದೆ ಬಿಡು."

ಬೆಳಿಗ್ಗೆ ಹೆಂಡತಿ ಕೇಳಿದ್ದಳು, "ಅಕ್ಕ ಬಂದಿರೋದೇ ಅಪರೂಪ. ಅವರನ್ನ ಕರ್ಕೊಂಡು ಆ ಪುಟಾಣಿ ಪ್ರಾಣಿಗಳ ತೋಟಕ್ಕಾ?"

"ಮಗು ಹಟ ಮಾಡ್ತಿದೆ."

"ಯೋಚ್ನೆ ಮಾಡಿದ್ರಾ?"

"ಏನನ್ನ?"

ಅವಳು ನೀರಿನ ಬಾಟಲಿ ತುಂಬಿಕೊಟ್ಟಿದ್ದಳು.

ತೋಟ ಊರಾಚೆ, ಹೊಲಗಳ ನಡುವೆ. ಮರದ ಬೇಲಿಯೊಳಗೆ ಮೊಳದೆತ್ತರದ ಮೇಕೆಗಳು, ನಾಯಿಯಷ್ಟಿರುವ ಹಸು, ಸೊಂಟ ಮುಟ್ಟದ ಕುದುರೆ. ಬಾಗಿಲಲ್ಲಿ ಫಲಕ: ಹಳದಿ ಪಟ್ಟಿಯವರು ಮಾತ್ರ ಒಳಗೆ.

"ನೀವು ಇಲ್ಲೇ ನಿಂತ್ಕೊಳ್ಳಿ ಸರ್," ಎಂದ ಪ್ರಾಣಿಗಳನ್ನು ನೋಡಿಕೊಳ್ಳುವ ಮುದುಕ. "ದೊಡ್ಡವರು ಮೇಲಿಂದ ಬಗ್ಗಿದ್ರೆ ಬೆದರ್ತವೆ. ಹದ್ದು ಅಂದ್ಕೋತಾವೆ."

ಮಗಳು ಅತ್ತೆಯ ಕೈಹಿಡಿದು ಓಡಿದಳು. ಮುದುಕ ಹಳದಿ ಪಟ್ಟಿಗಳನ್ನು ನೋಡಿದ, ಆಮೇಲೆ ಅಕ್ಕನ ಮುಖ ನೋಡಿದ. ಒಂದು ಬಕೆಟ್ ಕವುಚಿ ಹಾಕಿ, ತಳವನ್ನು ತನ್ನ ಟವೆಲಿನಿಂದ ಒರೆಸಿ, "ಕೂತ್ಕೊಳ್ಳಿ ಅಮ್ಮ" ಎಂದ.

ಅಷ್ಟೇ. ಇಷ್ಟು ಸುಲಭವಿತ್ತೇ ಅದು!

"ತಾತ, ಇದು ಮರೀನಾ?" ಮಗಳು ಕುದುರೆಯ ಕೆನ್ನೆ ಹಿಂಡಿದಳು.

"ಮರಿಯಲ್ಲ ಪುಟ್ಟಿ, ಇಪ್ಪತ್ತಾರು ವರ್ಷದ ಅಜ್ಜ. ಎಲ್ರೂ ಮರಿ ಅಂತಾನೇ ಹಿಂಡ್ತಾರೆ."

"ನಂಗೂ ನಲವತ್ತರವರೆಗೆ ಹಿಂಡಿದ್ರು," ಎಂದಳು ಅಕ್ಕ. "ಆಮೇಲೆ ಕೆನ್ನೆ ಸುಕ್ಕಾಯ್ತು, ಬಿಟ್ರು."

ಮುದುಕ ಕೆಮ್ಮು ಬರುವ ತನಕ ನಕ್ಕ. ಅಕ್ಕ ಕರವಸ್ತ್ರ ತೆಗೆದು ಕುದುರೆಯ ಕಣ್ಣಿನ ಪಿಸುರು ಒರೆಸಿದಳು.

"ಏನ್ ಹಾಕ್ತಿದೀರಿ ಇದಕ್ಕೆ?"

"ಏನೋ ಹನಿ ಕೊಟ್ಟವ್ರೆ ಅಮ್ಮ."

"ಸೀಸೆ ತೆರೆದು ಎಷ್ಟು ದಿನ ಆಯ್ತು?"

"ಮೂರು ತಿಂಗಳಾಗಿರಬೋದು."

"ಬಿಸಾಕಿ. ತಿಂಗಳಾದ್ಮೇಲೆ ಅದು ಕೊಚ್ಚೆನೀರಿಗಿಂತ ಕಡೆ."

ಬೇಲಿಯ ಹೊರಗೆ ಅವನ ಪಕ್ಕಕ್ಕೆ, ನೀಲಿ ಪಟ್ಟಿಯ ಇನ್ನೊಬ್ಬ ಗಂಡಸು ಬಂದು ನಿಂತ. ಫೋನೆತ್ತಿ ಚಿತ್ರ ತೆಗೆಯುತ್ತಿದ್ದ.

"ಆ ಕೆಂಪು ಫ್ರಾಕು ನಿಮ್ಮದಾ?"

"ಹೂಂ."

"ಪಕ್ಕದಲ್ಲಿರೋರು ಇಲ್ಲಿ ಕೆಲಸದವರಿರಬೇಕು. ಕುದುರೆಗೆ ತಕ್ಕ ಹಾಗೆ ಹುಡುಕಿ ಇಟ್ಟಿದಾರೆ, ಮೆಚ್ಚಬೇಕು!"

"ಇರಬಹುದು," ಎಂದ ಅವನು.

ಇರಬಹುದು. ಸಂಖ್ಯಾಶಾಸ್ತ್ರದ ಮೇಷ್ಟ್ರ ಮಾತು. ಅದರಲ್ಲಿ ಸುಳ್ಳು ಹುಡುಕಲಾಗುವುದಿಲ್ಲ. ಆ ಗಂಡಸು ಆಚೆ ಹೋದ ಮೇಲೆ, 'ಅಲ್ಲ, ಆಕೆ ನನ್ನಕ್ಕ' ಎಂದು ಬೇಲಿಯ ಕಂಬಕ್ಕೆ ಕೇಳಿಸುವಷ್ಟು ಮೆಲ್ಲಗೆ ಹೇಳಿ ನೋಡಿದ. ಸಲೀಸಾಗಿ ಬಂತು.

ಅವರು ಹೊರಬರುವಾಗ ಬಿಸಿಲು ನೆತ್ತಿಗೇರಿತ್ತು. ಅಕ್ಕ ಸ್ವೆಟರಿನ ಒಂದು ತೋಳನ್ನು ಮೊಣಕೈವರೆಗೆ ಮಡಿಸಿದ್ದಳು. ಪಟ್ಟಿಯಿದ್ದ ಕೈಯ ತೋಳನ್ನು ಮಾತ್ರ ಬೆರಳ ಗೆಣ್ಣಿನವರೆಗೆ ಎಳೆದುಕೊಂಡಿದ್ದಳು. ಯಾರಿಗೆ ಕಾಣಬಾರದೆಂದು? ಒಳಗಿದ್ದವರೆಲ್ಲ ನೋಡಿಯಾಗಿತ್ತು. ಉಳಿದವನು ಅವನೊಬ್ಬನೇ.

"ಅಕ್ಕ, ಆಗ ಟಿಕೆಟ್ ಹತ್ರ..."

"ಬಿಸ್ಕತ್ತು ತಿಂತೀಯಾ? ಬೆಳಿಗ್ಗೆಯಿಂದ ಖಾಲಿ ಹೊಟ್ಟೇಲಿದೀಯ."

"ಅದಲ್ಲ..."

"ತಗೋ ಅಂದ್ರೆ."

ತಗೊಂಡ. ಬಾಯಲ್ಲಿ ಬಿಸ್ಕತ್ತಿದ್ದಾಗ ಯಾರೂ ಏನನ್ನೂ ಒಪ್ಪಿಕೊಳ್ಳಲಾರರು. ಅಕ್ಕನಿಗೆ ಅದು ಗೊತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪನ ಏಟಿನಿಂದ ಅವನನ್ನು ಉಳಿಸುತ್ತಿದ್ದುದೂ ಹೀಗೆಯೇ.

ಹೊರಬಾಗಿಲ ಬಳಿ ಫೋಟೋಗ್ರಾಫರ್ ಕುಕ್ಕರಗಾಲಲ್ಲಿ ಕೂತಿದ್ದ. ಗಿಡ್ಡ ಕಾಲುಗಳ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಕ್ಲಿಕ್ಕಿಸಿದರೆ ಪಟ ಅಲ್ಲೇ ಹೊರಬರುತ್ತಿತ್ತು. ಮುದುಕ ಆ ಮುದಿ ಕುದುರೆಯನ್ನು ಹಗ್ಗ ಹಿಡಿದು ತಂದ. ಅಕ್ಕ ಒಂದು ಬದಿ, ಮಗಳು ಇನ್ನೊಂದು ಬದಿ. ಅವನು ಹಿಂದೆ ನಿಂತ. ಎಡಗೈಯನ್ನು ಮಗಳ ಹೆಗಲ ಮೇಲಿಟ್ಟ. ಬಲಗೈಯನ್ನು ಅಕ್ಕನ ಹೆಗಲಿಗೆ ಇಡಬೇಕೆಂದುಕೊಂಡ. ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಇಟ್ಟಿರಲಿಲ್ಲವಲ್ಲ ಎಂಬುದು ಅರ್ಧ ದಾರಿಯಲ್ಲಿ ನೆನಪಾಯಿತು.

ಕ್ಲಿಕ್.

ಮಗಳು ಪಟ ಕಿತ್ತುಕೊಂಡಳು. ಕುದುರೆಯ ಕೂದಲು ಕೂದಲೂ ಕಾಣುತ್ತಿತ್ತು. ಮಗಳ ಉದುರಿದ ಹಲ್ಲಿನ ಕಿಂಡಿ ಕಾಣುತ್ತಿತ್ತು. ಕುದುರೆಯ ಕೊರಳಿಗೆ ಎತ್ತಿದ ಅಕ್ಕನ ಕೈಯಿಂದ ಸ್ವೆಟರಿನ ತೋಳು ಜಾರಿ, ಹಳದಿ ಪಟ್ಟಿ ಬಿಸಿಲಿಗೆ ಹೊಳೆದಿತ್ತು. ಅವಳ ಹೆಗಲಿನಿಂದ ಒಂದು ಗೇಣು ಮೇಲೆ ಒಂದು ಕೈ ಸುಮ್ಮನೆ ತೂಗುತ್ತಿತ್ತು. ಅವರ ಹಿಂದೆ ಬೂಟು, ಪ್ಯಾಂಟು, ಬೆಲ್ಟು, ಅಂಗಿಯ ಎರಡು ಗುಂಡಿ. ಅಲ್ಲಿಗೆ ಪಟ ಮುಗಿದಿತ್ತು.

"ಅಪ್ಪನ ತಲೆ ಎಲ್ಲಿ?"

ಅಕ್ಕ ಇಣುಕಿ ನೋಡಿದಳು. ತುಟಿಯಂಚಿನಲ್ಲಿ ಆ ಹಳೆಯ ನಗು ಬಂತು.

"ಬೂಟು ಚೆನ್ನಾಗಿ ಬಂದಿದೆ ಬಿಡೋ."

"ಇನ್ನೊಂದು ತೆಗಿತೀನಿ ಸರ್," ಎಂದ ಫೋಟೋಗ್ರಾಫರ್. "ಸ್ವಲ್ಪ ಬಗ್ಗಿ."

ಅವನು ಬಗ್ಗಿದ. ಅವನ ನೆರಳು ನೇರ ಕುದುರೆಯ ಬೆನ್ನಿನ ಮೇಲೆ ಬಿತ್ತು. ಕುದುರೆ ಕಿವಿ ಹಿಂದಕ್ಕೆ ಮಡಚಿ, ಬಿಳಿಗಣ್ಣು ಬಿಟ್ಟು, ನಡುಗುತ್ತ ಪಕ್ಕಕ್ಕೆ ಸರಿಯಿತು.

"ಏನಿಲ್ಲ, ಏನಿಲ್ಲ," ಅಕ್ಕ ಅದರ ಕೊರಳು ತಬ್ಬಿ ಕಿವಿಯಲ್ಲಿ ಹೇಳಿದಳು. "ಅವನು ನಮ್ಮೋನೇ."

ಕುದುರೆ ನಂಬಲಿಲ್ಲ. ಹಗ್ಗ ಬಿಗಿಯುವವರೆಗೂ ಹಿಂದಕ್ಕೆ ಹೋಗಿ ನಿಂತಿತು. ಅವನು ಬಗ್ಗಿದವನು ಬಗ್ಗಿಯೇ ಇದ್ದ.